ಹಿಂಗಾರಿಯ ಹೂವು

ಮುದಗಲ್ ಸುತ್ತಿನ ಎರೆಹೊಲಗಳಲ್ಲಿ ಕಡಲೆ ಬಿತ್ತನೆ ನಡೆಯುವ ಹೊತ್ತಿಗೆ, ಹಿತ್ತಲಲ್ಲಿ ನಾಲ್ಕು ಮೊಳ ಜಾಗ ಇರುವವರು ಇನ್ನೊಂದು ಬಿತ್ತನೆಯನ್ನೂ ಮಾಡಬಹುದು. ಪಾಪ್ಪಿ ಹೂವಿನದು. ಬೆಟ್ಟದ ಊರುಗಳ ತಂಪಿನಲ್ಲಿ ಅರಳುವ ಹೂವಿಗೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಗೂ ಎತ್ತಣ ಸಂಬಂಧ ಎಂದು ಕೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕೆಂಪು ಪಾಪ್ಪಿ ಮೂಲದಲ್ಲಿ ತೋಟದ ಹೂವೇ ಅಲ್ಲ, ಹೊಲದ ಗಿಡ. ಯುರೋಪು ಮತ್ತು ಪಶ್ಚಿಮ ಏಷ್ಯಾದ ಗೋಧಿ ಹೊಲಗಳಲ್ಲಿ ಕಳೆಯಾಗಿ ಬೆಳೆದದ್ದು. ಗೋಧಿಯ ಜೊತೆಗೇ ಮೊಳೆತು, ಗೋಧಿ ಕೊಯ್ಲಿಗೆ ಬರುವಷ್ಟರಲ್ಲಿ ಬೀಜ ಉದುರಿಸಿ ಒಣಗುತ್ತದೆ. ತಂಪಿನಲ್ಲಿ ಬೇರು ಬಿಟ್ಟು, ಇಬ್ಬನಿಯಲ್ಲಿ ಬೆಳೆದು, ಬಿಸಿಲು ಬಲಿಯುವ ಮುಂಚೆ ಕಾಳು ಕಟ್ಟುವ ನಮ್ಮ ಬಿಳಿಜೋಳ, ಕಡಲೆಗಳ ಕಾಲಕ್ರಮವೇ ಇದರದ್ದೂ. ಹಿಂಗಾರಿ ಬೆಳೆದು ಗೊತ್ತಿರುವ ಸೀಮೆ ಈ ಹೂವಿಗಾಗಿ ಹೊಸದಾಗಿ ಕಲಿಯಬೇಕಾದದ್ದು ಬಹಳಿಲ್ಲ.

ಇದರ ನೆಂಟನೊಬ್ಬ ಕರೆಯದೆಯೇ ಬಂದು ಇಲ್ಲಿ ನೆಲೆಸಿಯೂ ಆಗಿದೆ. ಹೊಲದ ಬದು, ಹಾಳು ಬಿದ್ದ ನಿವೇಶನ, ರಸ್ತೆಯ ಅಂಚಿನಲ್ಲಿ ಬೆಳೆಯುವ ಹಳದಿ ದತ್ತೂರಿ ಪಾಪ್ಪಿಯದೇ ಕುಟುಂಬದ ಗಿಡ. ಎಲೆಯ ತುಂಬ ಮುಳ್ಳು, ಮುರಿದರೆ ಹಳದಿ ಹಾಲು. ಮೆಕ್ಸಿಕೊದ ಕಡೆಯಿಂದ ಬಂದ ಇದಕ್ಕೆ ಯಾರೂ ನೀರು ಹಾಕುವುದಿಲ್ಲ. ಅದರ ಬೀಜದ ಎಣ್ಣೆ ವಿಷ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅದು ಬೆರೆತು ಹಲವರು ಪ್ರಾಣ ಕಳೆದುಕೊಂಡರು. ಆ ಗಿಡವನ್ನು ಹಿತ್ತಲಿಗೆ ಬಿಟ್ಟುಕೊಳ್ಳಿ ಎನ್ನುತ್ತಿಲ್ಲ. ಈ ಕುಟುಂಬಕ್ಕೆ ನಮ್ಮ ನೆಲ ಒಗ್ಗುತ್ತದೆ ಎನ್ನುವುದಕ್ಕೆ ಅದು ಸಾಕ್ಷಿ, ಅಷ್ಟೆ.

ಇನ್ನೊಂದು ನೆಂಟಸ್ತಿಕೆ ನಮ್ಮ ಅಡುಗೆಮನೆಯದು. ಹಬ್ಬದ ಪಾಯಸಕ್ಕೆ, ಕುರ್ಮಾಕ್ಕೆ ಅರೆಯುವ ಗಸಗಸೆ ಪಾಪ್ಪಿಯ ಇನ್ನೊಂದು ಜಾತಿಯ ಬೀಜ. ಅದರ ಹಸಿ ಕಾಯಿಗೆ ಗೀರು ಹಾಕಿದರೆ ಒಸರುವ ಹಾಲೇ ಅಫೀಮು. ಡಬ್ಬಿಯಲ್ಲಿರುವ ಗಸಗಸೆಯನ್ನೇ ಒಂದು ಚಿಟಿಕೆ ಚೆಲ್ಲಿ ನೋಡೋಣ ಎಂಬ ಯೋಚನೆ ಯಾರಿಗಾದರೂ ಬರುವಂಥದ್ದೇ. ದಯವಿಟ್ಟು ಬೇಡ. ಬೀಜವನ್ನು ತಿನ್ನಲು, ಮಾರಲು ಅಡ್ಡಿಯಿಲ್ಲ, ಆದರೆ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅಫೀಮು ಗಿಡ ಬೆಳೆಸುವುದು ಅಪರಾಧ. 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಪರವಾನಗಿ ಸಿಗುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಗೊತ್ತುಪಡಿಸಿದ ಪ್ರದೇಶಗಳ ರೈತರಿಗೆ ಮಾತ್ರ. ಹಾಗಾಗಿ ಹೂವಿಗೆಂದೇ ಮಾರುವ ಶರ್ಲಿ ಪಾಪ್ಪಿ ಅಥವಾ ಕ್ಯಾಲಿಫೋರ್ನಿಯಾ ಪಾಪ್ಪಿಯ ಪೊಟ್ಟಣವನ್ನೇ ಕೊಳ್ಳಿ. ಪೊಟ್ಟಣವನ್ನೂ ರಸೀದಿಯನ್ನೂ ಎತ್ತಿಡಿ, ಯಾರಾದರೂ ಕೇಳಿದರೆ ತೋರಿಸಬಹುದು. ಗಿಡ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ. ಅಫೀಮು ಗಿಡದ ಎಲೆ ನುಣುಪು, ಬೂದಿ ಬಳಿದಂಥ ಹಸಿರು, ಕಾಂಡವನ್ನು ತಬ್ಬಿಕೊಂಡಿರುತ್ತದೆ. ಕಾಯಿ ದಪ್ಪ. ಶರ್ಲಿಯ ಎಲೆ ಸೀಳು ಸೀಳಾಗಿರುತ್ತದೆ, ಮೈತುಂಬ ರೋಮ, ಕಾಯಿ ಸಣ್ಣದು.

ಕಲ್ಯಾಣ ಕರ್ನಾಟಕದ ಕಣ್ಣಿಗಂತೂ ಈ ಹೂವು ಹೊಸದಲ್ಲ. ಬೀದರಿನ ಬಿದ್ರಿ ಕುಶಲಕರ್ಮಿಗಳು ಸತು ಮತ್ತು ತಾಮ್ರ ಬೆರೆತ ಎರಕದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಕೆಲಸದಲ್ಲಿ ಪಾಪ್ಪಿ ಗಿಡದ ಚಿತ್ತಾರ ಶತಮಾನಗಳಿಂದ ಇದೆ. ಹಳೆಯ ಹುಕ್ಕಾ ಬುಡಗಳ ಮೇಲೆ ಸಾಲಾಗಿ ನಿಂತ ಆ ಹೂಗಳನ್ನು ನೋಡಿದರೆ, ಬಿಡಿಸಿದವರಿಗೆ ಎಸಳಿನ ಬಾಗು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಬೆಳ್ಳಿಯಲ್ಲಿ ಕಂಡದ್ದನ್ನು ಜೀವಂತವಾಗಿ ನೋಡುವ ಆಸೆ ತಪ್ಪಲ್ಲ.

ಕೆಲಸ ಸುಲಭ, ಕಾಲ ಮಾತ್ರ ತಪ್ಪಬಾರದು. ಬೀಜ ಮೊಳೆಯಲು 15ರಿಂದ 20 ಡಿಗ್ರಿ ತಂಪು ಬೇಕು. ಸ್ವಾತಿ ಮಳೆ ಮುಗಿದು ರಾತ್ರಿ ಚಳಿ ಹಿಡಿಯುವ ನವೆಂಬರ್ ಮೊದಲೆರಡು ವಾರ ಸರಿಯಾದ ಹೊತ್ತು. ಜೋರು ಮಳೆ ಇರುವಾಗಲೇ ಬಿತ್ತಿದರೆ ಬೀಜ ಕೊಚ್ಚಿಹೋಗುತ್ತದೆ. ಮಸಾರಿ ಮಣ್ಣು ಒಳ್ಳೆಯದು. ಎರೆಯಾದರೆ ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಲಸಿ ಮಡಿಯನ್ನು ಸ್ವಲ್ಪ ಎತ್ತರಿಸಿ, ನೀರು ನಿಲ್ಲದಿರಲಿ. ಗೊಬ್ಬರ ಅತಿಯಾದರೆ ಬರೀ ಸೊಪ್ಪು ಬರುತ್ತದೆ. ಒಂದು ಗ್ರಾಂನಲ್ಲಿ ಸಾವಿರಾರು ಬೀಜಗಳಿರುವುದರಿಂದ ಒಣ ಮರಳಿನಲ್ಲಿ ಕಲಸಿಯೇ ಚೆಲ್ಲಬೇಕು. ಮೇಲೆ ಮಣ್ಣು ಮುಚ್ಚಬಾರದು, ಅಂಗೈಯಿಂದ ಒತ್ತಿದರೆ ಸಾಕು. ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಆಳಕ್ಕೆ ಹೋದದ್ದು ಸಾಯುವುದಿಲ್ಲ, ದಶಕಗಳ ಕಾಲವೂ ಕಾದಿರಬಲ್ಲದು. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಫ್ಲಾಂಡರ್ಸ್ ಬಯಲಿನ ನೆಲವನ್ನು ತೋಪುಗಳು ಉತ್ತು ಹಾಕಿದಾಗ ಹೂತಿದ್ದ ಬೀಜಗಳೆಲ್ಲ ಬೆಳಕಿಗೆ ಬಂದು, ಸಮಾಧಿಗಳ ನಡುವೆ ಕೆಂಪಾಗಿ ಅರಳಿದ್ದು ಹೀಗೆಯೇ. ಮಡಿದವರ ನೆನಪಿಗೆ ಇಂದಿಗೂ ಬ್ರಿಟನ್ನಿನಲ್ಲಿ ಜನ ಎದೆಯ ಮೇಲೆ ಧರಿಸುವುದು ಆ ಹೂವನ್ನೇ.

ಕೊಡದಿಂದ ಸುರಿಯದೆ, ನೀರನ್ನು ಚಿಮುಕಿಸಿ. ಕೋಳಿ ಕೆದರದಂತೆ ಮಡಿಯ ಸುತ್ತ ಮುಳ್ಳು ಇಡಿ. ಎರಡು ವಾರದಲ್ಲಿ ಕೂದಲಿನಷ್ಟು ತೆಳುವಾದ ಸಸಿ ಕಾಣುತ್ತದೆ. ಆಮೇಲಿನದು ಮನಸ್ಸಿಗೆ ಕಷ್ಟದ ಕೆಲಸ: ಗೇಣಿಗೊಂದು ಗಿಡ ಉಳಿಸಿ ಮಿಕ್ಕದ್ದನ್ನು ಕೀಳಬೇಕು. ಕಿತ್ತದ್ದನ್ನು ಬೇರೆ ಕಡೆ ನಾಟಿ ಮಾಡಿದರೆ ಬದುಕುವುದು ಅಪರೂಪ. ಅದರ ತಾಯಿಬೇರು ನೇರ ಕೆಳಗಿಳಿಯುತ್ತದೆ, ಒಮ್ಮೆ ಕದಲಿಸಿದರೆ ಸುಧಾರಿಸಿಕೊಳ್ಳುವುದಿಲ್ಲ. ಬದನೆ, ಮೆಣಸಿನಕಾಯಿಯ ಅಗಿ ಮಾಡಿ ಹಚ್ಚುವ ರೂಢಿಯವರು ಇಲ್ಲಿ ಎಡವುತ್ತಾರೆ. ಜೋಳದಂತೆ ಇದನ್ನು ಇರುವ ಜಾಗದಲ್ಲೇ ಬಿತ್ತಬೇಕು.

ಜನವರಿ ಕೊನೆಗೆ ಮೊಗ್ಗು ಬರುತ್ತದೆ. ತಲೆ ಬಗ್ಗಿಸಿ ನಿಂತ ಮೊಗ್ಗು ಅರಳುವ ಮುನ್ನ ನೆಟ್ಟಗಾಗುತ್ತದೆ. ಬೆಳಿಗ್ಗೆ ಎರಡು ಪುಷ್ಪಪತ್ರ ಉದುರಿ, ಒಳಗೆ ಸುಕ್ಕುಸುಕ್ಕಾಗಿ ಮಡಚಿದ್ದ ನಾಲ್ಕು ಎಸಳು ಬಿಸಿಲಿಗೆ ಬಿಚ್ಚಿಕೊಳ್ಳುತ್ತವೆ. ಇದರಲ್ಲಿ ಮಕರಂದವಿಲ್ಲ. ಆದರೂ ಜೇನುನೊಣ ಬರುತ್ತವೆ, ಪರಾಗಕ್ಕಾಗಿ. ಒಂದು ಹೂವಿನ ಆಯಸ್ಸು ಒಂದೆರಡು ದಿನ. ಗಿಡ ಮಾತ್ರ ಫೆಬ್ರವರಿಯುದ್ದಕ್ಕೂ ಹೊಸ ಮೊಗ್ಗು ಬಿಡುತ್ತಲೇ ಇರುತ್ತದೆ.

ಶರ್ಲಿ ಎಂಬುದು ಹಿಂದೆ ಲಂಡನ್ ಹತ್ತಿರದ ಒಂದು ಊರಾಗಿತ್ತು. ಅಲ್ಲಿನ ಚರ್ಚಿನ ಪಾದ್ರಿ ವಿಲಿಯಂ ವಿಲ್ಕ್ಸ್ 1880ರಲ್ಲಿ ತನ್ನ ತೋಟದ ಮೂಲೆಯ ಕಾಡು ಪಾಪ್ಪಿಗಳ ನಡುವೆ ಎಸಳಿನಂಚು ಬೆಳ್ಳಗಿದ್ದ ಒಂದೇ ಒಂದು ಹೂವು ಕಂಡ. ಅದರ ಬೀಜವನ್ನಷ್ಟೇ ತೆಗೆದಿಟ್ಟು ಬಿತ್ತಿದ. ವರ್ಷ ವರ್ಷವೂ ಬೇಕಾದದ್ದನ್ನು ಉಳಿಸಿ ಬೇಡದ್ದನ್ನು ಕಿತ್ತ. ಕಪ್ಪು ಕಲೆಯಿಲ್ಲದ ಬಿಳಿ, ಗುಲಾಬಿ, ನಸುಗೆಂಪು ಹೂಗಳ ತಳಿ ಹುಟ್ಟಿತು. ಕೇಳಿದವರಿಗೆಲ್ಲ ಆತ ಬೀಜ ಹಂಚಿದ. ಪ್ರಯೋಗಾಲಯವಿಲ್ಲದೆ, ಹಿತ್ತಲಲ್ಲಿ ನಿಂತು ನೋಡುವ ಕಣ್ಣೊಂದರಿಂದ ಆದ ಕೆಲಸ ಇದು. ಕಣದಲ್ಲಿ ಬೀಜದ ತೆನೆಯನ್ನು ಬೇರೆ ಆರಿಸಿಡುವ ನಮ್ಮ ಹೆಣ್ಣುಮಕ್ಕಳಿಗೆ ಈ ವಿದ್ಯೆ ಹೊಸದೇನಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುವಾಗ ಹೆಚ್ಚಿನ ಗಿಡಗಳು ಸೋಲುತ್ತವೆ. ಆಗಲೂ ಹಸಿರಾಗಿ ನಿಂತು ಹೂ ಬಿಡುವ ಗಿಡ ಒಂದೋ ಎರಡೋ ಇರುತ್ತವೆ, ಅವಕ್ಕೆ ದಾರ ಕಟ್ಟಿ ಗುರುತು ಮಾಡಿ. ಕಾಯಿ ಕಂದಾಗಿ, ಮುಚ್ಚಳದ ಕೆಳಗಿನ ಕಿಂಡಿಗಳು ತೆರೆದಾಗ ಬಗ್ಗಿಸಿ ಕಾಗದದ ಚೀಲಕ್ಕೆ ಅಲ್ಲಾಡಿಸಿಕೊಳ್ಳಿ. ಪೇಟೆಯ ಪೊಟ್ಟಣದ ಬೀಜಕ್ಕೆ ಮುದಗಲ್‌ನ ಬಿಸಿಲು ಗೊತ್ತಿಲ್ಲ. ಈ ಗಿಡಗಳ ಬೀಜವನ್ನೇ ವರ್ಷವೂ ಆರಿಸಿ ಬಿತ್ತುತ್ತ ಬಂದರೆ, ಕೆಲವು ಚಳಿಗಾಲಗಳಲ್ಲಿ ಈ ಊರಿನದೇ ಒಂದು ಪಾಪ್ಪಿ ತಯಾರಾದೀತು.