ಎರವಲು ತಂದುದೂ ನ್ಯಾಸವೇ

ಗೃಹಸ್ಥನ ಬಾಳು ಕೊಡುಕೊಳ್ಳುವಿಕೆಯ ಮೇಲೆ ನಿಂತಿರುವುದು. ನೋಂಪಿಯ ಉದ್ಯಾಪನೆಗೆ ಪಕ್ಕದ ಮನೆಯ ದೊಡ್ಡ ಕೊಪ್ಪರಿಗೆ ಬರುತ್ತದೆ. ಮಗಳ ಮದುವೆಗೆ ಗೆಳತಿಯ ಕಾಸಿನ ಸರ ಬರುತ್ತದೆ. ಸ್ವಾಧ್ಯಾಯಕ್ಕೆಂದು ಮಿತ್ರನ ಕಪಾಟಿನಿಂದ ಗ್ರಂಥ ಬರುತ್ತದೆ. ಅವಸರದ ಪ್ರಯಾಣಕ್ಕೆ ಅವನ ಮೋಟಾರು ಬೈಕೂ ಬರುತ್ತದೆ. ಸಾಧರ್ಮಿಗಳಲ್ಲಿ ಇಂತಹ ಸಲಿಗೆಯಿರುವುದು ವಾತ್ಸಲ್ಯದ ಲಕ್ಷಣವೇ ಸರಿ. ಆದರೆ ಬಂದ ವಸ್ತುವು ತನ್ನ ಮನೆಗೆ ಮರಳದೆ ಉಳಿದಾಗ ಎರಡು ಮನೆಗಳಲ್ಲಿ ಎರಡು ಬಗೆಯ ದೋಷಗಳು ಬೆಳೆಯತೊಡಗುತ್ತವೆ. ತಂದವನ ಮನೆಯಲ್ಲಿ ಮರೆವಿನ ವೇಷ ಧರಿಸಿದ ಅಸತ್ಯ. ಕೊಟ್ಟವನ ಮನೆಯಲ್ಲಿ ನ್ಯಾಯದ ವೇಷ ಧರಿಸಿದ ಕ್ರೋಧ. ಉಪವಾಸ, ಏಕಾಶನ, ರಸತ್ಯಾಗಗಳನ್ನು ನಿಷ್ಠೆಯಿಂದ ಪಾಲಿಸುವ ಕುಟುಂಬಗಳಲ್ಲಿಯೂ ಈ ದೋಷಗಳು ವರ್ಷಗಟ್ಟಲೆ ಗಮನಕ್ಕೆ ಬಾರದೆ ಉಳಿದಿರುವುದುಂಟು. ಆದುದರಿಂದ ವ್ರತಿಕರು ಈ ವಿಷಯವನ್ನು ಸಾವಧಾನವಾಗಿ ವಿಚಾರಿಸತಕ್ಕದ್ದು.

ಪರರು ನಂಬಿಕೆಯಿಂದ ಒಪ್ಪಿಸಿದ ವಸ್ತುವಿಗೆ ಶಾಸ್ತ್ರದಲ್ಲಿ ನ್ಯಾಸವೆಂದು ಹೆಸರು. ಅದನ್ನು ಉಳಿಸಿಕೊಳ್ಳುವುದು ನ್ಯಾಸಾಪಹಾರ. ಈ ದೋಷವು ಯಾವ ವ್ರತಕ್ಕೆ ಸೇರಿದ್ದೆಂದು ಕೇಳಿದರೆ ಬಹುಮಂದಿ ಅಚೌರ್ಯಾಣುವ್ರತಕ್ಕೆಂದು ಉತ್ತರಿಸುವರು. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದನ್ನು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಎಣಿಸಿರುವರು. ಸಮಂತಭದ್ರಾಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಅಲ್ಲಿಯೇ ಇರಿಸಿರುವರು. ಇದರ ಮರ್ಮವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ತೋರಿಸಿದ್ದಾರೆ. ಹೊನ್ನು ಮೊದಲಾದುದನ್ನು ಒಬ್ಬನಲ್ಲಿ ಇರಿಸಿದವನು ಕಾಲಾಂತರದಲ್ಲಿ ಅದರ ಸಂಖ್ಯೆಯನ್ನು ಮರೆತು ಕಡಿಮೆ ಕೇಳುತ್ತಾನೆ. ಆಗ ಇಟ್ಟುಕೊಂಡವನು, ನಿಜವನ್ನು ಬಲ್ಲವನಾದರೂ, ಹಾಗೆಯೇ ಆಗಲೆಂದು ಒಪ್ಪಿಬಿಡುತ್ತಾನೆ. ಅವನು ಕನ್ನ ಕೊರೆಯಲಿಲ್ಲ, ಬೀಗ ಮುರಿಯಲಿಲ್ಲ. ಒಂದು ಮಾತಿಗೆ ಹೂಂಗುಟ್ಟಿದನು. ಕೈಗಿಂತ ಮೊದಲು ನಾಲಗೆ ಕೆಟ್ಟಿತು. ಎರವಲು ವಸ್ತುಗಳ ವಿಷಯದಲ್ಲಿ ನಡೆಯುವುದೂ ಇದೇ ಅಲ್ಲವೇ? ಆರು ತಟ್ಟೆ ಕೊಟ್ಟವಳು ಐದೆಂದು ನೆನೆದಾಗ ಸುಮ್ಮನಿರುವುದು, ಗ್ರಂಥವನ್ನು ಯಾರಿಗೆ ಕೊಟ್ಟೆನೋ ಎಂದು ಮಿತ್ರನು ಎದುರಿನಲ್ಲಿಯೇ ಪೇಚಾಡುವಾಗ ಮಾತು ತಿರುಗಿಸುವುದು, ಇವು ಸತ್ಯವ್ರತಕ್ಕೆ ತಗಲುವ ಮಲಗಳು.

ಸಮಂತಭದ್ರರು ಐದು ಪಾಪಗಳಿಗೆ ಐವರ ನಿದರ್ಶನಗಳನ್ನು ಹೆಸರಿಸುವಲ್ಲಿ ಅಸತ್ಯಕ್ಕೆ ಸತ್ಯಘೋಷನನ್ನು ಹೇಳಿರುವುದು ಇಲ್ಲಿ ಸ್ಮರಣೀಯ. ಪ್ರಭಾಚಂದ್ರರ ಟೀಕೆಯಲ್ಲಿ ಆ ಕಥೆ ಬಂದಿದೆ. ಸಿಂಹಪುರದಲ್ಲಿ ಸಿಂಹಸೇನ ಮಹಾರಾಜನಿಗೆ ಶ್ರೀಭೂತಿಯೆಂಬ ಪುರೋಹಿತನಿದ್ದನು. ಆತನು ಜನಿವಾರಕ್ಕೆ ಚೂರಿಯೊಂದನ್ನು ಕಟ್ಟಿಕೊಂಡು, ಸುಳ್ಳಾಡಿದರೆ ಇದರಿಂದಲೇ ನಾಲಗೆಯನ್ನು ಕತ್ತರಿಸಿಕೊಳ್ಳುವೆನೆಂದು ಸಾರುತ್ತ ತಿರುಗುತ್ತಿದ್ದುದರಿಂದ ಜನರು ಅವನನ್ನು ಸತ್ಯಘೋಷನೆಂದು ಕರೆದರು. ತಮ್ಮ ಒಡವೆಗಳನ್ನು ಅವನಲ್ಲಿ ಇರಿಸತೊಡಗಿದರು. ಸಮುದ್ರದತ್ತನೆಂಬ ವರ್ತಕನು ಬೆಲೆಯುಳ್ಳ ಐದು ರತ್ನಗಳನ್ನು ಅವನಿಗೊಪ್ಪಿಸಿ ಸಮುದ್ರ ವ್ಯಾಪಾರಕ್ಕೆ ಹೋದನು. ಮರಳುವಾಗ ಹಡಗು ಒಡೆಯಿತು. ಹಲಗೆಯೊಂದನ್ನು ಹಿಡಿದು ದಡ ಸೇರಿದ ಆ ವರ್ತಕನು ಭಿಕ್ಷುಕನ ರೂಪಿನಲ್ಲಿ ಬರುತ್ತಿರುವುದನ್ನು ದೂರದಿಂದಲೇ ಕಂಡ ಸತ್ಯಘೋಷನು, ಇವನು ಹಡಗು ಕಳೆದುಕೊಂಡು ಹುಚ್ಚನಾಗಿರುವನು, ಈಗ ಬಂದು ರತ್ನಗಳನ್ನು ಕೇಳುವನೆಂದು ಸುತ್ತಲಿದ್ದವರಿಗೆ ಮೊದಲೇ ಹೇಳಿಬಿಟ್ಟನು. ವರ್ತಕನು ಬಂದು ಕೇಳಿದನು. ಜನರು ಅವನನ್ನು ಹುಚ್ಚನೆಂದು ಹೊರಗಟ್ಟಿದರು.

ಸಮುದ್ರದತ್ತನು ಅರಮನೆಯ ಬಳಿಯ ಹುಣಿಸೆಯ ಮರವನ್ನೇರಿ, ಸತ್ಯಘೋಷನು ತನ್ನ ಐದು ರತ್ನಗಳನ್ನು ಕೊಡುತ್ತಿಲ್ಲವೆಂದು ಪ್ರತಿದಿನವೂ ಇರುಳಿನ ಕಡೆಯ ಜಾವದಲ್ಲಿ ಆರು ತಿಂಗಳು ಕೂಗಿದನು. ರಾಣಿ ರಾಮದತ್ತೆಯು ಅದನ್ನು ಆಲಿಸಿ, ಇವನು ಹುಚ್ಚನಲ್ಲ, ಇವನ ಮಾತು ಎಂದೂ ಬದಲಾಗುತ್ತಿಲ್ಲವೆಂದು ಅರಸನಿಗೆ ಅರಿಕೆ ಮಾಡಿದಳು. ಪುರೋಹಿತನೊಡನೆ ಪಗಡೆಯಾಡಿ ಅವನ ಉಂಗುರವನ್ನೂ, ಕೊನೆಗೆ ಚೂರಿ ಕಟ್ಟಿದ ಜನಿವಾರವನ್ನೂ ಗೆದ್ದು, ಅವುಗಳನ್ನು ಗುರುತಾಗಿ ಕಳುಹಿಸಿ, ಅವನ ಹೆಂಡತಿಯಿಂದ ರತ್ನಗಳನ್ನು ತರಿಸಿದಳು. ಯಾವ ಚೂರಿಯನ್ನು ಸತ್ಯದ ಸಾಕ್ಷಿಯೆಂದು ಅವನು ತೋರಿಸುತ್ತಿದ್ದನೋ ಅದೇ ಅವನ ಅಸತ್ಯವನ್ನು ಹೊರಗೆಡಹಿತು. ಅರಸನು ಆ ಐದನ್ನು ಬೇರೆ ಅನೇಕ ರತ್ನಗಳಲ್ಲಿ ಬೆರೆಸಿ, ನಿನ್ನವನ್ನು ತೆಗೆದುಕೋ ಎಂದನು. ಸಮುದ್ರದತ್ತನು ತನ್ನ ಐದನ್ನು ಮಾತ್ರ ಆರಿಸಿಕೊಂಡನು. ಸತ್ಯಘೋಷನಾದರೋ ವಿಧಿಸಿದ ಮೂರು ದಂಡಗಳಲ್ಲಿ ಒಂದನ್ನು ಆರಿಸಿಕೊಳ್ಳಹೋಗಿ, ಯಾವುದನ್ನೂ ತಾಳಲಾರದೆ ಮೂರನ್ನೂ ಅನುಭವಿಸಿ, ಸತ್ತು, ರಾಜಭಂಡಾರದಲ್ಲಿಯೇ ಸರ್ಪವಾಗಿ ಹುಟ್ಟಿದನು.

ಈ ಕಥೆಯಲ್ಲಿ ತಂದವನಿಗೂ ಕೊಟ್ಟವನಿಗೂ ಪಾಠವುಂಟು. ಸತ್ಯಘೋಷನು ವಸ್ತುವನ್ನು ಉಳಿಸಿಕೊಂಡುದಷ್ಟೇ ಅಲ್ಲದೆ, ಅದನ್ನು ದಕ್ಕಿಸಿಕೊಳ್ಳುವುದಕ್ಕಾಗಿ ಕೊಟ್ಟವನ ಮಾನವನ್ನೂ ಕಳೆದನು. ಇಂದಿಗೂ ಎರವಲು ತಂದವರು ಕೇಳಲು ಬಂದವರನ್ನು ಜಿಪುಣರೆಂದೋ ಸಣ್ಣ ಮನಸ್ಸಿನವರೆಂದೋ ನಾಲ್ಕು ಜನರ ಮುಂದೆ ಆಡಿಕೊಳ್ಳುವುದನ್ನು ಕಾಣಬಹುದು. ಸಮುದ್ರದತ್ತನು ಸಂಕಟದಲ್ಲಿದ್ದರೂ ಐದನ್ನು ಆರೆಂದು ಹೇಳಲಿಲ್ಲ. ರಾಶಿಯೇ ಎದುರಿಗಿದ್ದಾಗಲೂ ಆರನೆಯದಕ್ಕೆ ಕೈ ಹಾಕಲಿಲ್ಲ. ಮೋಸಹೋದವನಿಗೂ ಸತ್ಯವ್ರತವುಂಟೆಂಬುದನ್ನು ಅವನ ನಡತೆ ತೋರಿಸುತ್ತದೆ.

ಮೊದಲು ತಂದವನ ಕರ್ತವ್ಯವನ್ನು ನೋಡಬೇಕು. ಪರರು ಇರಿಸಿದುದನ್ನು, ಬೀಳಿಸಿಕೊಂಡುದನ್ನು, ಮರೆತುದನ್ನು ತಾನು ತೆಗೆದುಕೊಳ್ಳದಿರುವುದು ಮಾತ್ರವಲ್ಲ, ಬೇರೊಬ್ಬರಿಗೆ ಕೊಡದಿರುವುದೂ ಅಚೌರ್ಯಾಣುವ್ರತವೆಂದು ಸಮಂತಭದ್ರರ ಅಭಿಪ್ರಾಯ. ಆದುದರಿಂದ ಮಿತ್ರನ ಗ್ರಂಥವನ್ನು ಅವನಿಗೆ ತಿಳಿಸದೆ ಮೂರನೆಯವನಿಗೆ ಓದಲು ಕೊಡುವುದೂ, ಮದುವೆಗೆಂದು ತಂದ ಒಡವೆಯನ್ನು ಗಿರವಿ ಇಡುವುದೂ ವ್ರತಭಂಗಕ್ಕೆ ದಾರಿ. ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದೂ, ಉತ್ತಮ ವಸ್ತುವಿನ ಜಾಗದಲ್ಲಿ ಅದರಂತೆ ತೋರುವ ಕೀಳು ವಸ್ತುವನ್ನಿಡುವುದೂ ಅಚೌರ್ಯದ ಅತಿಚಾರಗಳು. ಸೇರಿನ ಮೇಲೆ ರಾಶಿ ಏರುವಂತೆ ಅಳೆದು ತಂದ ಅಕ್ಕಿಯನ್ನು ಬಾಯಿಮಟ್ಟಕ್ಕೆ ಅಳೆದು ತಿರುಗಿಸುವ ಗೃಹಿಣಿಯೂ, ದಪ್ಪ ಪಾತ್ರೆಯನ್ನು ಕಳೆದು ತೆಳು ಪಾತ್ರೆಯನ್ನು ಕೊಟ್ಟು ಲೆಕ್ಕ ತೀರಿತೆನ್ನುವ ಗೃಹಸ್ಥನೂ ಇದನ್ನು ಮನಗಾಣಬೇಕು.

ಲೌಕಿಕ ಕಾನೂನು ಕೂಡ ಈ ವಿಷಯದಲ್ಲಿ ಸಡಿಲವಾಗಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 151ನೆಯ ಪ್ರಕರಣದಂತೆ, ತನ್ನ ವಶಕ್ಕೆ ಬಂದ ಪರರ ವಸ್ತುವನ್ನು ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತದ್ದನ್ನು ಕಾಯುವಷ್ಟು ಎಚ್ಚರದಿಂದ ಕಾಯಬೇಕು. 160ನೆಯ ಪ್ರಕರಣದಂತೆ, ಗೊತ್ತುಮಾಡಿದ ಕಾಲ ಮುಗಿದ ಕೂಡಲೇ ಅಥವಾ ಉದ್ದೇಶ ನೆರವೇರಿದ ಕೂಡಲೇ, ಒಡೆಯನು ಕೇಳುವುದನ್ನು ಕಾಯದೆ ಹಿಂದಿರುಗಿಸಬೇಕು. ಅವರು ಕೇಳಲಿಲ್ಲ, ಆದ್ದರಿಂದ ಕೊಡಲಿಲ್ಲ ಎಂಬ ನೆಪವು ಕಾನೂನಿಗೇ ಸಮ್ಮತವಲ್ಲದಿರುವಾಗ ಜಿನಧರ್ಮಕ್ಕೆ ಸಮ್ಮತವಾದೀತೇ? ವಸ್ತು ಒಡೆದರೆ ಅಥವಾ ಕಳೆದರೆ ಆ ದಿನವೇ ಹೋಗಿ ತಿಳಿಸತಕ್ಕದ್ದು. ಒಡೆಯನು ತೀರಿಕೊಂಡಿದ್ದರೆ ಅವನ ವಾರಸುದಾರರಿಗೆ ಒಪ್ಪಿಸತಕ್ಕದ್ದು.

ಇನ್ನು ಕೊಟ್ಟವನ ವಿಷಯ. "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆ ನಾಡಿನಲ್ಲಿ ಹುಟ್ಟಿರಬೇಕಾದರೆ ಕೊಟ್ಟು ನೊಂದವರು ಎಷ್ಟು ಮಂದಿಯೋ! ಆ ನೋವು ಸಹಜ. ಆದರೆ ನೋವನ್ನು ಎಷ್ಟು ಕಾಲ ಹೊತ್ತಿರಬೇಕೆಂಬುದು ಕರ್ಮಸಿದ್ಧಾಂತದ ಪ್ರಶ್ನೆ. ಚಾವುಂಡರಾಯನಿಗೆ ಗುರುಸ್ಥಾನದಲ್ಲಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕಷಾಯಗಳ ವಾಸನಾಕಾಲವನ್ನು ಅಳೆದು ಹೇಳಿರುವರು. ಸಂಜ್ವಲನ ಕಷಾಯದ ವಾಸನೆ ಅಂತರ್ಮುಹೂರ್ತದ್ದು. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನು ಮೀರಿ ಜನ್ಮಜನ್ಮಾಂತರಗಳಿಗೆ ಹರಿಯುವುದು ಅನಂತಾನುಬಂಧಿ. ಕ್ರೋಧದ ನಾಲ್ಕು ತರಗಳಿಗೆ ನೀರಿನ ಗೆರೆ, ಧೂಳಿನ ಗೆರೆ, ನೆಲದ ಬಿರುಕು, ಕಲ್ಲಿನ ಬಿರುಕು ಎಂಬ ಹೋಲಿಕೆಗಳೂ ಜೀವಕಾಂಡದಲ್ಲಿ ಬಂದಿವೆ. ಅಣುವ್ರತ ಹಿಡಿದ ಶ್ರಾವಕನ ಕೋಪದ ವಾಸನೆ ಹದಿನೈದು ದಿನಗಳನ್ನು ದಾಟಬಾರದು. ಹತ್ತು ವರ್ಷಗಳ ಹಿಂದೆ ಹೋದ ಹಿತ್ತಾಳೆಯ ಹಂಡೆಗಾಗಿ ಇಂದಿಗೂ ಒಬ್ಬರ ಮನೆಯ ಹೊಸ್ತಿಲು ತುಳಿಯದವರು, ಹಂಡೆಯ ಜೊತೆಗೆ ಸಮ್ಯಕ್ತ್ವವನ್ನೂ ಕಳೆದುಕೊಳ್ಳುತ್ತಿರುವರೋ ಏನೋ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಹಂಡೆಯನ್ನು ಕೊಂಡೊಯ್ದವನು ಪರನು. ಸಮ್ಯಕ್ತ್ವವನ್ನು ನೀಗಿಕೊಂಡವರು ತಾವೇ.

ಹಾಗೆಂದು ಮೋಸವನ್ನು ಕಣ್ಣುಮುಚ್ಚಿ ಸಹಿಸುವುದು ಕ್ಷಮೆಯಲ್ಲ. ಉಪಗೂಹನ ಅಂಗಕ್ಕೆ ಪ್ರಸಿದ್ಧನಾದ ಜಿನೇಂದ್ರಭಕ್ತ ಶ್ರೇಷ್ಠಿಯ ನಡತೆಯು ಇಲ್ಲಿ ದಾರಿ ತೋರಿಸುತ್ತದೆ. ತಾಮ್ರಲಿಪ್ತ ನಗರದ ಆ ಶ್ರೇಷ್ಠಿಯ ಮನೆಯ ಚೈತ್ಯಾಲಯದಲ್ಲಿ ಪಾರ್ಶ್ವನಾಥ ಬಿಂಬದ ಮುಕ್ಕೊಡೆಗೆ ಅಮೂಲ್ಯವಾದ ವೈಡೂರ್ಯವೊಂದನ್ನು ಜೋಡಿಸಿತ್ತು. ಅದನ್ನು ಕದಿಯಲೆಂದು ಸೂರ್ಯನೆಂಬ ಕಳ್ಳನು ಕ್ಷುಲ್ಲಕನ ವೇಷದಲ್ಲಿ ಬಂದನು. ಶ್ರೇಷ್ಠಿಯು ನಂಬಿ, ಚೈತ್ಯಾಲಯವನ್ನು ಅವನ ಕಾವಲಿಗೇ ಒಪ್ಪಿಸಿ ಪ್ರಯಾಣ ಹೊರಟನು. ನಡುರಾತ್ರಿ ಮಣಿಯನ್ನು ಕದ್ದು ಓಡಿದ ಕಳ್ಳನು ಕಾವಲುಗಾರರಿಗೆ ಸಿಕ್ಕಿಬೀಳುವಂತಾದಾಗ, ದಾರಿಯಲ್ಲಿ ತಂಗಿದ್ದ ಶ್ರೇಷ್ಠಿಯನ್ನೇ ಮೊರೆಹೊಕ್ಕನು. ಶ್ರೇಷ್ಠಿಗೆ ನಿಜಸಂಗತಿ ಹೊಳೆಯಿತು. ಆದರೂ ಧರ್ಮಕ್ಕೆ ಅಪವಾದ ಬರಬಾರದೆಂದು, ತನ್ನ ಮಾತಿನಂತೆಯೇ ಇವರು ಮಣಿಯನ್ನು ತಂದರೆಂದು ಹೇಳಿ ಕಾವಲುಗಾರರನ್ನು ಕಳುಹಿಸಿದನು. ಅನಂತರ ಆ ಕಪಟಿಯನ್ನು ಇರುಳಿನಲ್ಲಿಯೇ ಹೊರಗೆ ಕಳುಹಿಸಿಬಿಟ್ಟನು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಶ್ರೇಷ್ಠಿಯು ಕಳ್ಳನ ದೋಷವನ್ನು ಬೀದಿಗೆ ತರಲಿಲ್ಲ. ಆದರೆ ಅವನನ್ನು ಮತ್ತೆ ಚೈತ್ಯಾಲಯದ ಕಾವಲಿಗೆ ನಿಲ್ಲಿಸಲೂ ಇಲ್ಲ. ಕ್ಷಮೆಯು ಮನಸ್ಸಿನ ಕಷಾಯವನ್ನು ಬಿಡುವುದು. ವಿಶ್ವಾಸವು ನಡತೆಯನ್ನು ನೋಡಿ ಮರಳಿ ಕೊಡತಕ್ಕದ್ದು. ಇವೆರಡನ್ನೂ ಒಂದೆಂದು ಭಾವಿಸುವುದರಿಂದಲೇ, ಕ್ಷಮಿಸಿದರೆ ಮತ್ತೆ ಮೋಸಹೋಗಬೇಕಾಗುವುದೆಂದು ಹೆದರಿ ಅನೇಕರು ಕ್ಷಮಿಸದೆ ಉಳಿಯುವರು. ಆ ಹೆದರಿಕೆಗೆ ಕಾರಣವಿಲ್ಲ. ಕೋಪವನ್ನು ಇಂದೇ ಬಿಡಬಹುದು; ಪೆಟ್ಟಿಗೆಯ ಬೀಗದ ಕೈಯನ್ನು ಕೊಡುವುದಕ್ಕೆ ಕಾಲವನ್ನು ನೋಡಬಹುದು.

ಆದುದರಿಂದ ಶ್ರಾವಕನು ವಸ್ತುವನ್ನು ಕೊಡುವಾಗಲೇ ಇದು ದಾನವೋ ಎರವಲೋ ಎಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು; ಅವು ಮರಳಿ ಬರಬೇಕೆಂದು ಅವಳು ಬಯಸಲಿಲ್ಲ, ಅದು ಶಾಸ್ತ್ರದಾನ. ದಾನದಲ್ಲಿ ಸ್ವತ್ವವನ್ನೇ ಬಿಡಲಾಗುವುದು. ಎರವಲಿನಲ್ಲಿ ಸ್ವತ್ವವು ಉಳಿದಿರುವುದು. ಎರವಲೆಂದಾದರೆ ಯಾವ ಕಾರ್ಯಕ್ಕೆ, ಎಷ್ಟು ದಿನಕ್ಕೆ ಎಂದು ಬಾಯಿಬಿಟ್ಟು ಹೇಳಿ ಪುಸ್ತಕದಲ್ಲಿ ಬರೆದಿಡುವುದರಲ್ಲಿ ಸಂಕೋಚವೇನೂ ಬೇಡ. ದಿನ ಕಳೆದರೆ ಏಕಾಂತದಲ್ಲಿ ಮೃದುವಾಗಿ ಕೇಳತಕ್ಕದ್ದು. ಬಸದಿಯ ಜಗಲಿಯಲ್ಲಿ ಕೇಳತಕ್ಕದ್ದಲ್ಲ. ಅದಕ್ಕೂ ಆಗದಿದ್ದರೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಮೂಲಕ ಹೇಳಿಸತಕ್ಕದ್ದು. ಜಾರಿದವನನ್ನು ಮತ್ತೆ ನಿಲ್ಲಿಸುವ ಸ್ಥಿತಿಕರಣ ಅಂಗವಿದು. ಆಮೇಲೂ ಬಾರದಿದ್ದರೆ, ಸಣ್ಣ ವಸ್ತುವಾದಲ್ಲಿ ತ್ಯಾಗದ ಸಂಕಲ್ಪ ಮಾಡಿ ಪುಸ್ತಕದಲ್ಲಿ ಗೆರೆ ಎಳೆದುಬಿಡುವುದು ಲೇಸು. ದೊಡ್ಡ ಒಡವೆಯಾದಲ್ಲಿ, ಸಂಸಾರದ ನಿರ್ವಾಹವೇ ಅದರ ಮೇಲೆ ನಿಂತಿದ್ದಲ್ಲಿ, ಸಮುದ್ರದತ್ತನಂತೆ ನ್ಯಾಯಸ್ಥಾನದ ಬಾಗಿಲಿಗೆ ಹೋಗುವುದು ವ್ರತಕ್ಕೆ ವಿರುದ್ಧವಲ್ಲ. ಬಸದಿಯ ಪಾತ್ರೆ, ಗ್ರಂಥ, ಆಭರಣಗಳ ವಿಷಯದಲ್ಲಂತೂ ಯಾರೂ ತಾವಾಗಿ ಬಿಟ್ಟುಕೊಡಲಾಗದು. ತನ್ನದಲ್ಲದುದನ್ನು ಉದಾರವಾಗಿ ಮನ್ನಿಸುವ ಅಧಿಕಾರ ಒಬ್ಬರಿಗೂ ಇಲ್ಲ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಹತ್ತು ದಿನಗಳ ಉಪವಾಸ, ಪೂಜೆ, ಅಭಿಷೇಕಗಳು ಮುಗಿದ ಮೇಲೆ ಕ್ಷಮಾವಳಿಯಂದು ಎಲ್ಲರೂ ಕೈಮುಗಿದು ಪರಸ್ಪರ ಕ್ಷಮೆ ಬೇಡುವರು. ಆ ಕೈಮುಗಿದವನ ಮನೆಯ ಅಟ್ಟದ ಮೇಲೆ ಎದುರಿಗಿರುವವನ ಪಾತ್ರೆಯೇ ಇದ್ದರೆ ಆ ಮಾತಿಗೆ ಬೆಲೆಯೆಷ್ಟು? ಮನಸ್ಸು, ವಚನ, ಕಾಯಗಳು ಒಂದಾಗಿರುವುದೇ ಆರ್ಜವವೆಂದು ಮೂರನೆಯ ದಿನ ಕೇಳಿದ ಉಪದೇಶವು ಹತ್ತು ದಿನಗಳಲ್ಲಿಯೇ ಮರೆತಂತಾಗುವುದಿಲ್ಲವೇ? ಪರ್ವಕ್ಕೆ ಮೊದಲು ಮನೆಯನ್ನು ಸಾರಿಸಿ ಗುಡಿಸುವುದು ಎಲ್ಲ ಮನೆಗಳ ಪದ್ಧತಿ. ಆಗ ಅಟ್ಟ, ಕಪಾಟು, ಪೆಟ್ಟಿಗೆಗಳಲ್ಲಿ ಪರರ ಹೆಸರು ಕೆತ್ತಿದ ಪಾತ್ರೆಗಳೂ, ಪರರ ರುಜುವಿರುವ ಗ್ರಂಥಗಳೂ ಎಷ್ಟಿವೆಯೆಂದು ಮನೆಯ ಹಿರಿಯರು ಮಕ್ಕಳನ್ನು ಜೊತೆಗಿರಿಸಿಕೊಂಡು ಹುಡುಕಿ ತೆಗೆಯಲಿ. ಉಪವಾಸದ ಪ್ರತ್ಯಾಖ್ಯಾನ ಹಿಡಿಯುವುದಕ್ಕೆ ಮೊದಲೇ ಅವುಗಳನ್ನು ತೊಳೆದು, ಒರೆಸಿ, ಅವರವರ ಮನೆಗಳಿಗೆ ತಾವೇ ಕೊಂಡುಹೋಗಿ ಒಪ್ಪಿಸಲಿ. ತಡವಾದುದಕ್ಕೆ ಆ ಹೊಸ್ತಿಲಲ್ಲಿಯೇ ಕ್ಷಮೆ ಬೇಡಲಿ. ಒಪ್ಪಿಸಿಕೊಂಡವರೂ ಹಳೆಯ ಮಾತನ್ನು ಕೆದಕದೆ, ಬಂದವರನ್ನು ಒಳಗೆ ಕರೆದು ಕುಳ್ಳಿರಿಸಿ ಆದರಿಸಲಿ.