ಒಂದೇ ಕಾಲುವೆಯ ನೀರು

ಪ್ರತಿ ಗುರುವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ಹೈದರಾಬಾದ್ ಆಫೀಸಿನಿಂದ ಚೀನಾದ ದಾಲ್ಯನ್ ನಗರಕ್ಕೆ ನನ್ನದೊಂದು ಅರ್ಧ ಗಂಟೆಯ ಕಾಲ್ ಇರುತ್ತದೆ. ಅಲ್ಲಿ ಆಗ ಹನ್ನೊಂದು ಗಂಟೆ. ಒಂದೇ ಕ್ಲೈಂಟಿನ ಒಂದೇ ಪ್ರಾಜೆಕ್ಟನ್ನು ಅರ್ಧ ಅವರು, ಅರ್ಧ ನಾವು ಮಾಡುತ್ತೇವೆ. ಮೊದಲು ಸ್ಟೇಟಸ್ ಅಷ್ಟೇ ಮಾತಾಡುತ್ತಿದ್ದೆವು. ಆಮೇಲೆ ಕೊನೆಯ ಹತ್ತು ನಿಮಿಷ ಇಂಗ್ಲಿಷ್ ಪಾಠವಾಯಿತು. ಮೇಷ್ಟ್ರು ನಾನು. ಏಳನೇ ಕ್ಲಾಸಿನವರೆಗೆ ಇಂಗ್ಲಿಷಿನಲ್ಲಿ ಒಂದು ಪೂರ್ತಿ ವಾಕ್ಯ ಆಡದವನು ಇಂಗ್ಲಿಷ್ ಮೇಷ್ಟ್ರಾದದ್ದನ್ನು ನೋಡಿ ನನ್ನ ಹೆಂಡತಿ ಈಗಲೂ ನಗುತ್ತಾಳೆ.

ಪಾಠ ಶುರುವಾದದ್ದು ಒಂದು ಮೇಲ್‌ನಿಂದ. ಮುಂದಿನ ಹಂತದ ಟೆಸ್ಟಿಂಗ್ ಕೆಲಸಕ್ಕೆ ಎರಡೂ ತಂಡಗಳು ಅಂದಾಜು ಕೊಡಬೇಕಿತ್ತು. ದಾಲ್ಯನ್ನಿನ ಹುಡುಗಿಯೊಬ್ಬಳು ಕ್ಲೈಂಟಿಗೆ ಬರೆದಳು: ಹೈದರಾಬಾದ್ ತಂಡ ನಮ್ಮ 'ರೈವಲ್'. ಕ್ಲೈಂಟ್ ಗಾಬರಿಯಾಗಿ ನನಗೆ ಫೋನ್ ಮಾಡಿದ, ಅಲ್ಲೇನು ಜಗಳ ನಡೆಯುತ್ತಿದೆ ಎಂದು. ಜಗಳ ಏನೂ ಇರಲಿಲ್ಲ. ಅವಳ ನಿಘಂಟಿನಲ್ಲಿ ಕಾಂಪಿಟಿಟರ್, ಅಪೋನೆಂಟ್, ರೈವಲ್ ಮೂರಕ್ಕೂ ಸಿಗುವ ಮುಖ್ಯ ಪದ ಒಂದೇ: ದುಯ್‌ಶೌ. ಅಕ್ಷರಶಃ ಎದುರಿನ ಕೈ. ಮೂರರಲ್ಲಿ ಚಿಕ್ಕದೆಂದು ಅವಳು ರೈವಲ್ ಆರಿಸಿಕೊಂಡಿದ್ದಳು. "ವ್ಯತ್ಯಾಸ ಏನು?" ಎಂದು ಅವಳು ಕೇಳಿದಾಗ ಹತ್ತು ನಿಮಿಷ ಸಾಕು ಅಂದುಕೊಂಡೆ. ಎರಡು ತಿಂಗಳು ಹಿಡಿಯಿತು, ನನ್ನದೇ ಒಂದು ಹಳೆಯ ಲೆಕ್ಕವನ್ನೂ ಅದು ತೆಗೆಸಿತು.

ಸುಲಭದಿಂದ ಶುರು ಮಾಡಿದೆವು. ಚೀನೀಯರಲ್ಲಿ ಬಿಸಾಯ್ ಎಂಬ ಪದವಿದೆ. ಫುಟ್‌ಬಾಲ್ ಪಂದ್ಯ, ಓಟದ ಪಂದ್ಯ, ಭಾಷಣ ಸ್ಪರ್ಧೆ ಎಲ್ಲವೂ ಬಿಸಾಯ್. ಇಂಗ್ಲಿಷಿನಲ್ಲಿ ಅದನ್ನೇ ಮ್ಯಾಚ್, ರೇಸ್, ಗೇಮ್, ಕಾಂಟೆಸ್ಟ್ ಎಂದು ಹಂಚಬೇಕು. ಕಂಪನಿಗಳ ನಡುವೆ, ಕೆಲಸ ಹುಡುಕುವವರ ನಡುವೆ ಇರುವುದು ಬಿಸಾಯ್ ಅಲ್ಲ, ಜಿಂಗ್‌ಝಂಗ್. ಆದರೆ ಇಂಗ್ಲಿಷಿನ ಕಾಂಪಿಟಿಷನ್ ಎರಡಕ್ಕೂ ಬರುತ್ತದೆ. ಅದರ ಮುಂದೆ 'ಎ' ಹಚ್ಚಿದರೆ ತಾರೀಖು, ಜಾಗ, ಬಹುಮಾನ ಇರುವ ಒಂದು ಕಾರ್ಯಕ್ರಮ. ಹಚ್ಚದಿದ್ದರೆ ಸುತ್ತಲಿನ ಹವೆಯಂತೆ ಯಾವಾಗಲೂ ಇರುವ ಸ್ಥಿತಿ. "ಕಂಪನಿಗಳ ನಡುವೆ ಎ ಬಿಗ್ ಕಾಂಪಿಟಿಷನ್ ಇದೆ" ಎಂದರೆ ಕೇಳಿದವನು ಎಲ್ಲಿ, ಯಾವತ್ತು ಎನ್ನುತ್ತಾನೆ. ಅವರಿಗೆ ಇದನ್ನು ಹೇಳುವಾಗ ಕನ್ನಡದಲ್ಲೂ ಇದೇ ಗೆರೆ ಇರುವುದು ಹೊಳೆಯಿತು. ಶಾಲೆಯಲ್ಲಿ ಭಾಷಣ ಸ್ಪರ್ಧೆ ಇಡುತ್ತಾರೆ, ಭಾಷಣ ಪೈಪೋಟಿ ಇಡುವುದಿಲ್ಲ. ನಾನಿರುವ ಊರಿನ ತೆಲುಗಿನಲ್ಲಿ ಎರಡಕ್ಕೂ 'ಪೋಟಿ'ಯೇ. ಕೋಚಿಂಗ್ ಸೆಂಟರುಗಳ ಬೋರ್ಡಿನ ಮೇಲೆ 'ಪೋಟಿ ಪರೀಕ್ಷಲು' ಎಂದಿರುತ್ತದೆ.

ಕಷ್ಟವಾದದ್ದು ಮನುಷ್ಯರ ಹೆಸರಿಗೆ ಬಂದಾಗ. ಅಪೋನೆಂಟ್ ಎಂದರೆ ಪಂದ್ಯ ಮುಗಿಯುವ ತನಕ ಎದುರಿಗಿರುವವನು, ನಮ್ಮ ಎದುರಾಳಿ. ಕಾಂಪಿಟಿಟರ್‌ನ ಮುಖವನ್ನು ನೋಡಿರಲೇಬೇಕೆಂದಿಲ್ಲ. ಚೀನಾದಲ್ಲಿ ಕಾಲೇಜು ಪ್ರವೇಶಕ್ಕೆ ಗಾವ್‌ಕಾವ್ ಎಂಬ ಪರೀಕ್ಷೆ ಇದೆ. 2024ರಲ್ಲಿ ಅದಕ್ಕೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ ಮಂದಿ. ಅಷ್ಟೂ ಜನ ಒಬ್ಬರಿಗೊಬ್ಬರು ಕಾಂಪಿಟಿಟರ್‌ಗಳು. ಆದರೆ ಒಬ್ಬ ಮನುಷ್ಯನಿಗೆ ಕೋಟಿ ರೈವಲ್‌ಗಳಿರಲು ಸಾಧ್ಯವಿಲ್ಲ. ರೈವಲ್ ಎಂದರೆ ಹೆಸರು ಗೊತ್ತಿರುವವನು, ಹೆಚ್ಚುಕಮ್ಮಿ ಸಮಾನನು, ಇವತ್ತು ಮುಗಿದರೂ ನಾಳೆ ಮತ್ತೆ ಸಿಗುವವನು. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಸಾಲದು. ಭಾರತ ಪಾಕಿಸ್ತಾನ ಆಡುವಾಗ ನಮ್ಮ ಪತ್ರಿಕೆಗಳು 'ಸಾಂಪ್ರದಾಯಿಕ ಎದುರಾಳಿ' ಎಂದು ಒಂದು ವಿಶೇಷಣ ಸೇರಿಸಿಯೇ ಬರೆಯುತ್ತವೆ.

ಪದಗಳ ಹುಟ್ಟು ನೋಡಿದರೆ ಇನ್ನೊಂದು ಆಶ್ಚರ್ಯವಿದೆ. ಕಾಂಪೀಟ್ ಎಂಬುದರ ಲ್ಯಾಟಿನ್ ಬೇರು ಎರಡು ತುಂಡಿನದು: 'ಜೊತೆಗೆ' ಮತ್ತು 'ಅರಸು'. ಜೊತೆಯಾಗಿ ಅರಸುವುದು. ರೈವಲ್ ಬಂದದ್ದು ರಿವಸ್ ಎಂಬ ಪದದಿಂದ. ಹಾಗೆಂದರೆ ಹಳ್ಳ, ತೊರೆ, ಕಾಲುವೆ. ಹಳೆಯ ರೋಮಿನಲ್ಲಿ ಒಂದೇ ಕಾಲುವೆಯಿಂದ ನೀರು ತೆಗೆದುಕೊಳ್ಳುವ ಹೊಲದವರು ಒಬ್ಬರಿಗೊಬ್ಬರು ರೈವಲ್‌ಗಳು. ಅಲ್ಲಿಯ ನಾಟಕಕಾರರು ಒಂದೇ ಹೆಣ್ಣನ್ನು ಬಯಸುವ ಇಬ್ಬರಿಗೂ ಅದೇ ಪದ ಬಳಸಿದರು. ಚೀನಿಯಲ್ಲಿ ಪ್ರೇಮದ ರೈವಲ್‌ಗೆ ಛಿಂಗ್‌ದಿ ಎನ್ನುತ್ತಾರೆ. ಅದರೊಳಗಿನ 'ದಿ'ಗೆ ನೇರ ಅರ್ಥ ಶತ್ರು.

ಕಾಲುವೆಯ ವಿಷಯ ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು. ನಮ್ಮೂರು ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ. ಟೇಲ್‌ಎಂಡ್ ಎಂಬ ಇಂಗ್ಲಿಷ್ ಪದ ಅಲ್ಲಿ ಶಾಲೆಗೆ ಹೋಗದವರಿಗೂ ಗೊತ್ತು. ಮೇಲಿನವರು ಭತ್ತ ಹಾಕಿ ನೀರು ಹಿಡಿದರೆ ಕೆಳಗಿನವರ ಬೆಳೆ ಒಣಗುತ್ತದೆ. ಅಪ್ಪ ಬ್ಯಾಟರಿ ಹಿಡಿದು ರಾತ್ರಿ ಕಾಲುವೆ ಕಾಯಲು ಹೋಗುತ್ತಿದ್ದ. ಮೇಲಿನ ಹೊಲದವನ ಜೊತೆ ತೂಬಿನ ಹತ್ತಿರವೇ ಎಷ್ಟೋ ಸಲ ಕೂಗಾಡಿದ್ದಾನೆ. ಒಂದು ವರ್ಷ ಆ ಮನೆಯ ಮದುವೆಗೆ ಹೋಗುವುದು ಬೇಡ ಎಂದು ನಾನು ಹಟ ಹಿಡಿದೆ. ಅಪ್ಪ ಹೇಳಿದ: "ನೀರು ಅವನ ಹೊಲದ ಮ್ಯಾಲೆ ಹಾದು ಬರಬೇಕಪ್ಪಾ. ಜಗಳ ಮಾಡು, ಮಾತು ಬಿಡಬ್ಯಾಡ." ಮದುವೆಗೆ ಹೋಗಿ ಉಂಡು ಬಂದೆವು. ಮರುವಾರ ಮತ್ತೆ ತೂಬಿನ ಹತ್ತಿರ ಕೂಗಾಟ.

ರೈವಲ್ ಪದದ ಪೂರ್ತಿ ಅರ್ಥ ಅಪ್ಪನಿಗೆ ಗೊತ್ತಿತ್ತು. ಶತ್ರುವಿನಿಂದ ದೂರ ಹೋಗಬಹುದು. ರೈವಲ್‌ನಿಂದ ಆಗುವುದಿಲ್ಲ, ಕಾಲುವೆ ಒಂದೇ. ನಮ್ಮಲ್ಲಿ ಇದಕ್ಕೆ ಹತ್ತಿರದ ಪದ ದಾಯಾದಿ ಎಂದು ಆಗ ತೋಚಿತು. ದಾಯ ಎಂದರೆ ಪಿತ್ರಾರ್ಜಿತದ ಪಾಲು, ದಾಯಾದಿ ಎಂದರೆ ಆ ಪಾಲುಳ್ಳವನು. ಹಂಚಿಕೊಳ್ಳುವವನ ಹೆಸರೇ ನಮ್ಮಲ್ಲೂ ಮತ್ಸರದ ಹೆಸರಾಯಿತು.

ಮುಂದಿನ ಗುರುವಾರ ಪಾಠ ತಿರುಗಿತು, ಮೇಷ್ಟ್ರು ಅವರಾದರು. ಜಿಂಗ್‌ಝಂಗ್ ಪದವನ್ನು ಅವರಲ್ಲೊಬ್ಬ ಸ್ಕ್ರೀನಿನ ಮೇಲೆ ಬಿಡಿಸಿದ. ಎರಡು ಅಕ್ಷರ. ಜಿಂಗ್‌ನ ಹಳೆಯ ರೂಪದಲ್ಲಿ ಇಬ್ಬರು ಮನುಷ್ಯರು ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ಝಂಗ್‌ನ ಹಳೆಯ ರೂಪದಲ್ಲಿ ಎರಡು ಕೈಗಳು ಒಂದೇ ವಸ್ತುವನ್ನು ಎಳೆಯುತ್ತಿವೆ. ಝ್ವಾಂಗ್‌ಝಿ ಎಂಬ ತಾವೋ ಗ್ರಂಥದಲ್ಲಿ ಈ ಎರಡು ಅಕ್ಷರಗಳು ಬೇರೆ ಬೇರೆಯಾಗಿ ಬರುತ್ತವೆ. ಅದಕ್ಕೆ ಸುಮಾರು 1700 ವರ್ಷಗಳ ಹಿಂದೆ ವ್ಯಾಖ್ಯಾನ ಬರೆದ ಗುವೋ ಶಿಯಾಂಗ್ ಎರಡರ ವ್ಯತ್ಯಾಸ ಹೇಳುತ್ತಾನೆ: ಜೊತೆಜೊತೆಗೆ ಬೆನ್ನಟ್ಟಿ ಓಡುವುದು ಜಿಂಗ್, ಎದುರುಬದುರಾಗಿ ವಾದಿಸುವುದು ಝಂಗ್.

ಇಂಗ್ಲಿಷಿನಲ್ಲಿ ಎಷ್ಟು ಪದ ಹುಡುಕಿದರೂ ನನಗೆ ಸಿಗದಿದ್ದ ಗೆರೆ ಇದು. ಅರಸುವ ವಸ್ತು ಇಬ್ಬರ ಮುಂದೆ ಇದೆಯೋ, ಇಬ್ಬರ ನಡುವೆ ಇದೆಯೋ? ಮುಂದಿದ್ದರೆ ಪಕ್ಕದಲ್ಲಿ ಓಡುವವನು ನನ್ನ ಓಟವನ್ನು ಚುರುಕು ಮಾಡುತ್ತಾನೆ. ನಡುವೆ ಇದ್ದರೆ ಅವನ ಕೈ ಸಡಿಲವಾಗುವುದೇ ನನ್ನ ಗೆಲುವು.

ಎರಡನ್ನೂ ಒಂದೇ ಪದಕ್ಕೆ ಕಟ್ಟಿದಾಗ ಕಸಿವಿಸಿ ಪಟ್ಟವರೂ ಇದ್ದಾರೆ. 1860ರ ದಶಕದಲ್ಲಿ ಜಪಾನಿನ ಫುಕುಜಾವಾ ಯುಕಿಚಿ ಇಂಗ್ಲಿಷ್ ಅರ್ಥಶಾಸ್ತ್ರದ ಪುಸ್ತಕವೊಂದರ ಬಗ್ಗೆ ಸರ್ಕಾರದ ಹಣಕಾಸಿನ ಅಧಿಕಾರಿಯೊಬ್ಬರಿಗೆ ತಿಳಿಸಲು ಹೊರಟ. ಕಾಂಪಿಟಿಷನ್ ಪದಕ್ಕೆ ಇವೇ ಎರಡು ಅಕ್ಷರಗಳನ್ನು ಜೋಡಿಸಿ ಕ್ಯೋಸೋ ಎಂದು ಬರೆದ. ಅಧಿಕಾರಿಗೆ ಎರಡನೆಯ ಅಕ್ಷರ, ಅಂದರೆ ಆ ಎಳೆದಾಟದ ಅಕ್ಷರ, ಹಿಡಿಸಲಿಲ್ಲ. ಒಬ್ಬ ವ್ಯಾಪಾರಿ ಬೆಲೆ ಇಳಿಸಿದರೆ ಇನ್ನೊಬ್ಬ ಇನ್ನೂ ಇಳಿಸುತ್ತಾನೆ, ಇದೇ ವ್ಯಾಪಾರದ ನಿಯಮ ಎಂದು ಫುಕುಜಾವಾ ವಿವರಿಸಿದ. ಇಂಥ ಪದ ಇರುವ ಕಾಗದವನ್ನು ಮೇಲಿನವರಿಗೆ ತೋರಿಸಲಾಗದು ಎಂದರು ಅಧಿಕಾರಿ. ಕೊನೆಗೆ ಫುಕುಜಾವಾ ಆ ಪದದ ಮೇಲೆ ಕಪ್ಪು ಮಸಿ ಬಳಿದು ಕೊಟ್ಟ. ಆತ್ಮಕಥೆಯಲ್ಲಿ ಇದನ್ನು ಅವನು ಹಳೆಯ ಕಾಲದ ಮಂಕುತನದ ಉದಾಹರಣೆಯಾಗಿ ಹೇಳುತ್ತಾನೆ. ಮೊದಲ ಸಲ ಓದಿದಾಗ ನಾನೂ ನಕ್ಕಿದ್ದೆ. ಈಗ ಆ ಅಧಿಕಾರಿಯ ಅಳುಕಿನಲ್ಲಿ ಏನೋ ಸತ್ಯವಿತ್ತು ಅನ್ನಿಸುತ್ತದೆ.

ಹಾಗನ್ನಿಸಲು ಕಾರಣ ನನ್ನ ಹಳೆಯ ಲೆಕ್ಕ. ಕೆಲವು ವರ್ಷಗಳ ಹಿಂದೆ ನನ್ನ ತಂಡದಲ್ಲಿ ಇಬ್ಬರಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಒಂದೇ ವಾರ ಸೇರಿದವರು, ಡಬ್ಬಿ ಬಿಚ್ಚಿ ಒಟ್ಟಿಗೇ ಊಟ ಮಾಡುತ್ತಿದ್ದವರು. ಟೆಕ್ ಲೀಡ್ ಜಾಗ ಒಂದೇ ಇತ್ತು. ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ: "ಆರು ತಿಂಗಳು ನೋಡ್ತೀನಿ. ಹೆಲ್ದಿ ಕಾಂಪಿಟಿಷನ್ ಇರಲಿ." ಬಹಳ ನ್ಯಾಯವಾಗಿ ನಡೆದುಕೊಂಡೆ ಎಂಬ ತೃಪ್ತಿ ನನಗೆ. ಎರಡು ತಿಂಗಳು ಇಬ್ಬರ ಕೆಲಸವೂ ಏರಿತು. ಮೂರನೆಯ ತಿಂಗಳು ಊಟದ ಟೇಬಲ್ ಬೇರೆಯಾಯಿತು. ನಾಲ್ಕನೆಯ ತಿಂಗಳು ಒಂದು ರಾತ್ರಿ ಅವಳ ಮಾಡ್ಯೂಲಿನ ಬ್ಯಾಚ್ ಜಾಬ್ ಬಿದ್ದಿತು, ಬೆಳಗಿನವರೆಗೆ ಕೂತು ಎಬ್ಬಿಸಿದಳು. ಒಂದು ಲೈಬ್ರರಿಯ ಹೊಸ ಆವೃತ್ತಿಯಿಂದ ಹೀಗಾಗುತ್ತದೆ ಎಂದು ಅವನಿಗೆ ಎರಡು ದಿನ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಸರ್, ಅದು ನನ್ನ ಮಾಡ್ಯೂಲ್ ಅಲ್ಲವಲ್ಲ" ಎಂದ. ಒರಟಾಗಿ ಹೇಳಲಿಲ್ಲ. ನಿಯಮದ ಪ್ರಕಾರ ಸರಿಯೂ ಇತ್ತು.

ಆರು ತಿಂಗಳಾದ ಮೇಲೆ ಮುಗಿಸಿದ ಟಿಕೆಟ್‌ಗಳ ಎಣಿಕೆಯಲ್ಲಿ ಅವನು ಮುಂದಿದ್ದ, ಜಾಗ ಅವನಿಗೆ ಹೋಯಿತು. ಮುಂದಿನ ವರ್ಷ ಅವಳು ಕೆಲಸ ಬಿಟ್ಟಳು. ಅವನು ಕೆಟ್ಟವನು ಎಂದು ಬಹಳ ದಿನ ಅಂದುಕೊಂಡಿದ್ದೆ. ಮೊದಲು ಅವನು ಹಾಗಿರಲಿಲ್ಲ. ನಾನು ಒಂದು ಕುರ್ಚಿಯನ್ನು ಇಬ್ಬರ ನಡುವೆ ಇಟ್ಟು ಅದನ್ನು ಓಟ ಎಂದು ಕರೆದಿದ್ದೆ.

ಪೈಪೋಟಿ ಇಲ್ಲದೆ ಯಾರು ದುಡಿಯುತ್ತಾರೆ ಎಂದು ಕೇಳಬಹುದು. ನಾನು ಅದರ ವಿರೋಧಿಯಲ್ಲ. ಎಂಟೆಕ್‌ಗೆ ಗೇಟ್ ಪರೀಕ್ಷೆ ಬರೆದೇ ಸೇರಿದವನು. ಹಾಸ್ಟೆಲಿನ ಗೆಳೆಯ ಮತ್ತು ನಾನು ಒಂದೇ ಜೊತೆ ಪುಸ್ತಕದಲ್ಲಿ ಓದಿದೆವು, ಅವನು ಬಿಡಿಸಿದ ಲೆಕ್ಕ ನಾನು, ನಾನು ಬಿಡಿಸಿದ್ದು ಅವನು. ನನಗೆ ಸೀಟು ಸಿಕ್ಕಿತು, ಅವನಿಗೆ ಆ ವರ್ಷ ಸಿಗಲಿಲ್ಲ. ಇವತ್ತಿಗೂ ಅವನು ಗೆಳೆಯನೇ. ಸೀಟುಗಳು ಅಲ್ಲೂ ಎಣಿಸಿದಷ್ಟೇ ಇದ್ದವು. ಆದರೆ ಅವನನ್ನು ತಡೆದರೆ ನನಗೆ ಸಿಗುತ್ತದೆ ಎನ್ನುವಂಥ ಏರ್ಪಾಡು ಇರಲಿಲ್ಲ. ಕಲಿತದ್ದಂತೂ ಇಬ್ಬರಿಗೂ ಉಳಿಯಿತು.

ಆ ಲಾಭವೂ ಉಳಿಯದಿದ್ದರೆ? ಅದಕ್ಕೆ ಇಂದಿನ ಚೀನಾದ ಯುವಕರಲ್ಲಿ ಒಂದು ಪದವಿದೆ, ನೇಯ್‌ಜುವಾನ್. ಒಳಕ್ಕೆ ಸುರುಳಿಯಾಗುವುದು ಎಂದು ಅರ್ಥ. ಕ್ಲಿಫರ್ಡ್ ಗೀರ್ಟ್ಜ್ 1963ರಲ್ಲಿ ಜಾವಾ ದ್ವೀಪದ ಭತ್ತದ ಬೇಸಾಯದ ಬಗ್ಗೆ ಬರೆದ ಪುಸ್ತಕದಿಂದ ಪ್ರಸಿದ್ಧವಾದ ಪಾರಿಭಾಷಿಕ ಪದದ ಅನುವಾದ ಅದು. ಅದೇ ಗದ್ದೆಗೆ ಹೆಚ್ಚು ಹೆಚ್ಚು ಕೈಗಳು ಸೇರುತ್ತವೆ, ಒಬ್ಬೊಬ್ಬರ ಪಾಲು ಮಾತ್ರ ಹೆಚ್ಚುವುದಿಲ್ಲ. 2020ರಲ್ಲಿ ಸೈಕಲ್ ಹೊಡೆಯುತ್ತಲೇ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡಿದ್ದ ಛಿಂಗ್‌ಹ್ವಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯ ಚಿತ್ರ ಎಲ್ಲೆಡೆ ಹರಿದಾಡಿ ಈ ಪದ ಜನರ ಬಾಯಿಗೆ ಬಂತು. ಎಲ್ಲರೂ ಹನ್ನೆರಡು ಗಂಟೆ ದುಡಿದರೆ ಒಬ್ಬ ಹದಿಮೂರು ಗಂಟೆ ದುಡಿಯಬೇಕು, ಆಮೇಲೆ ಎಲ್ಲರೂ ಹದಿಮೂರು. ಕುರ್ಚಿ ಮಾತ್ರ ಒಂದೇ. "ಇದಕ್ಕೆ ಇಂಗ್ಲಿಷ್ ಏನು?" ಎಂದು ಅವಳು ಕೇಳಿದಳು. ದಿನಬಳಕೆಯ ಇಂಗ್ಲಿಷಿನಲ್ಲಿ ನನಗೆ ಸಿಗಲಿಲ್ಲ. ಕನ್ನಡದಲ್ಲೂ ಸಿಗಲಿಲ್ಲ. ಆದರೆ ನಮ್ಮ ಆಫೀಸಿನಲ್ಲಿ ಅದು ಇದೆ ಎಂದೆ.

ವಸ್ತು ನಿಜವಾಗಿಯೂ ಒಂದೇ ಇರುವ ಸಂದರ್ಭ ಬಂದೇ ಬರುತ್ತದೆ. ಸಜ್ಜನ ಯಾವುದಕ್ಕೂ ಝಂಗ್ ಮಾಡುವುದಿಲ್ಲ ಎಂದ ಕನ್‌ಫ್ಯೂಷಿಯಸ್ ಕೂಡ ಬಿಲ್ಲುಗಾರಿಕೆಯನ್ನು ಹೊರಗಿಟ್ಟು ಮಾತಾಡಿದ. ಅಲ್ಲಿಯೂ ಒಬ್ಬರಿಗೊಬ್ಬರು ಬಾಗಿ ವಂದಿಸಿ ಮೇಲೇರಬೇಕು, ಇಳಿದು ಬಂದು ಪಾನ ಮಾಡಬೇಕು. ಅಪ್ಪನ ಮಾತೂ ಅದೇ ಅಲ್ಲವೇ? ಕಾಲುವೆಗೆ ಪಾಳಿ ಇರಬೇಕು, ಪಾಳಿ ತಪ್ಪಿದರೆ ಕೂಗಾಡಲು ಮಾತು ಉಳಿದಿರಬೇಕು. ನಾನು ಆ ಇಬ್ಬರಿಗೆ ಪಾಳಿಯನ್ನೂ ಕೊಡಲಿಲ್ಲ, ಮಾತನ್ನೂ ಉಳಿಸಲಿಲ್ಲ.

ಇನ್ನೊಂದು ಮಾತು ಬಾಕಿ ಇದೆ. ಆ ಕೆಲಸಕ್ಕೆ ಅವಳೇ ಸರಿ ಎಂದು ನನಗೆ ಮೊದಲ ತಿಂಗಳಲ್ಲೇ ಅನ್ನಿಸಿತ್ತು. ಹಾಗೆಂದು ಹೇಳಿ ಅವನ ಬೇಸರವನ್ನು ಎದುರಿಸುವ ಧೈರ್ಯ ನನಗಿರಲಿಲ್ಲ. ನಾನು ಮಾಡಬೇಕಿದ್ದ ನಿರ್ಧಾರವನ್ನು ಪೈಪೋಟಿಯ ಹೆಸರಲ್ಲಿ ಅವರಿಬ್ಬರ ಮೇಲೆ ಹೊರಿಸಿದೆ. ಎಣಿಕೆ ಬಂದಾಗ ಎಣಿಕೆಯ ಹಿಂದೆ ಅಡಗಿದೆ. ಪೈಪೋಟಿ ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ಯಾವಾಗಲೂ ಓಡುವವರ ಮನಸ್ಸನ್ನು ತನಿಖೆ ಮಾಡುತ್ತೇವೆ. ಗೆರೆ ಎಳೆದವನನ್ನು ಕೇಳುವುದು ಕಡಿಮೆ.

ಕಳೆದ ತಿಂಗಳು ಅವಳಿಗೆ ಫೋನ್ ಮಾಡಿದೆ. ಈಗ ಪುಣೆಯಲ್ಲಿದ್ದಾಳೆ, ಇಪ್ಪತ್ತು ಜನರ ತಂಡ ನಡೆಸುತ್ತಾಳೆ. ಅದು ಸ್ಪರ್ಧೆ ಆಗಿರಲಿಲ್ಲ, ಆರಿಸಬೇಕಾದವನು ನಾನು, ಆರಿಸಲಿಲ್ಲ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಸರ್, ನಾವಿಬ್ಬರೂ ಈಗ ಮಾತಾಡ್ತೀವಿ. ಅವನೇ ಮೊದಲು ಫೋನ್ ಮಾಡಿದ" ಎಂದಳು. ನನ್ನನ್ನು ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ದಾಲ್ಯನ್ನಿನ ಹುಡುಗಿಗೆ ಕೊನೆಗೆ ಸರಳ ಸೂತ್ರವೊಂದು ಬೇಕಿತ್ತು. ಕ್ಲೈಂಟಿಗೆ ಬರೆಯುವಾಗ 'ರೈವಲ್' ಬೇಡ ಎಂದೆ. ನಮ್ಮಿಬ್ಬರ ತಂಡಕ್ಕೆ ಸರಿಯಾದ ಪದ ಯಾವುದು ಎಂದು ಕೇಳಿದಳು. ಮುಂದಿನ ವರ್ಷವೂ ಇದೇ ಕ್ಲೈಂಟ್, ಇದೇ ಕೆಲಸ, ಮತ್ತೆ ಅಂದಾಜು ಕೊಡುವ ಸಮಯ ಬರುತ್ತದೆ. ಯೋಚಿಸಿ ಹೇಳಿದೆ: ನಿಜ ಹೇಳಬೇಕೆಂದರೆ ರೈವಲ್ ಪದವೇ ಸರಿ. ಅದಕ್ಕೇ ಈ ಗುರುವಾರದ ಕಾಲ್ ನಿಲ್ಲಿಸುವುದು ಬೇಡ.