ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು

ಕಾಫಿ ಪುಡಿಯನ್ನೋ ಇಳಕಲ್ ಸೀರೆಯನ್ನೋ ಆನ್‌ಲೈನ್‌ನಲ್ಲಿ ಮಾರಲು ಹೊರಟವರು ಗಿರಾಕಿಗಳಿಗೆ ಇಮೇಲ್ ಕಳಿಸುವ ಸಾಫ್ಟ್‌ವೇರ್ ಆರಿಸುವಾಗ ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ: ತಿಂಗಳಿಗೆ ಎಷ್ಟು ಕೊಡಬೇಕು, ಕಳಿಸಿದ್ದು ಇನ್‌ಬಾಕ್ಸ್ ಮುಟ್ಟುತ್ತದೆಯೇ, ಬಳಸಲು ಸುಲಭವೇ. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಅವಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ, ಅದು ಧರ್ಮದ ಪ್ರಶ್ನೆ. ಈ ಸಾಧನ ಗಿರಾಕಿಯಿಂದ ಏನನ್ನು ತೆಗೆದುಕೊಳ್ಳುತ್ತದೆ? ಅದನ್ನು ಅವರು ಕೊಟ್ಟಿದ್ದಾರೆಯೇ? ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಕಳ್ಳತನವನ್ನು ಗುರುತಿಸುವುದು ಇಷ್ಟರಿಂದಲೇ: ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು. ಅಲ್ಲಿ ಬಲಾತ್ಕಾರದ ಮಾತಿಲ್ಲ, ಸರಕಿನ ಬೆಲೆಯ ಮಾತಿಲ್ಲ, ಕಳೆದುಕೊಂಡವನಿಗೆ ಎಷ್ಟು ನೋವಾಯಿತು ಎಂಬ ಅಳತೆಯೂ ಇಲ್ಲ. ಕೊಟ್ಟರೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಜೈನರು ‘ಅದತ್ತಾದಾನ’ ಎಂದು ಕರೆದ ಈ ದೋಷವನ್ನು ಮುಂದಿಟ್ಟುಕೊಂಡು ಇಮೇಲ್ ಸಾಧನಗಳನ್ನು ನೋಡಿದರೆ, ಬೆಲೆಪಟ್ಟಿಯಲ್ಲಿ ಕಾಣದ ಹಲವು ಸಂಗತಿಗಳು ಕಾಣುತ್ತವೆ.

ಇದು ಮುನಿಗಳಿಗೆ ಹೇಳಿದ ಮಾತು, ವ್ಯಾಪಾರಕ್ಕೆ ಸಲ್ಲದು ಎಂದು ಪಕ್ಕಕ್ಕಿಡುವಂತಿಲ್ಲ. ಗೃಹಸ್ಥರ ಅಚೌರ್ಯ ವ್ರತಕ್ಕೆ ಎಲ್ಲೆಲ್ಲಿ ಕಲೆ ಹತ್ತುತ್ತದೆ ಎಂದು ಅದೇ ಗ್ರಂಥ ಐದು ಅತಿಚಾರಗಳನ್ನು ಎಣಿಸಿದೆ: ಕಳ್ಳನನ್ನು ಪ್ರೇರೇಪಿಸುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯವಹರಿಸುವುದು, ಕೊಳ್ಳಲು ಒಂದು ಮಾರಲು ಒಂದು ತೂಕ ಇಟ್ಟುಕೊಳ್ಳುವುದು, ಅಸಲಿಯಂತೆ ತೋರುವ ನಕಲಿಯನ್ನು ಸಾಗಿಹಾಕುವುದು. ಗಲ್ಲಾ ಪೆಟ್ಟಿಗೆಯ ಹಿಂದೆ ಕೂರುವವರನ್ನು ಎದುರಿಗಿಟ್ಟುಕೊಂಡೇ ಹೇಳಿದಂತಿದೆ ಈ ಪಟ್ಟಿ. ಇಮೇಲ್ ವ್ಯವಹಾರಕ್ಕೆ ಇದನ್ನು ಹೊಂದಿಸಲು ಎಳೆದಾಡಬೇಕಾಗಿಲ್ಲ. ದಲ್ಲಾಳಿಯಿಂದ ಲಕ್ಷ ವಿಳಾಸಗಳನ್ನು ಕೊಂಡರೆ ಅದು ಕದ್ದ ಮಾಲು. ಕೊಳ್ಳುವವರು ಇರುವುದರಿಂದಲೇ ಯಾರೋ ವೆಬ್‌ಸೈಟುಗಳನ್ನು ಜಾಲಾಡಿ ವಿಳಾಸ ಕೀಳುತ್ತಾರಾದ್ದರಿಂದ ಅದು ಕಳ್ಳನಿಗೆ ಕೊಟ್ಟ ಕುಮ್ಮಕ್ಕೂ ಹೌದು. ಗಿರಾಕಿ ಎಂದೂ ಬರೆಯದ ಪತ್ರಕ್ಕೆ ಮರುತ್ತರವೆಂಬಂತೆ ವಿಷಯದ ಸಾಲಿನಲ್ಲಿ ‘Re:’ ಎಂದು ಸೇರಿಸುವುದು, ಮುಂದಿನ ವಾರವೂ ಇರುವ ರಿಯಾಯಿತಿಗೆ ‘ಇಂದೇ ಕೊನೆ’ ಎಂದು ಬರೆಯುವುದು ನಕಲಿ ಸರಕು. ನನಗೆ ಎಲ್ಲಕ್ಕಿಂತ ಹೆಚ್ಚು ನಾಟುವುದು ಎರಡು ತೂಕದ ಕಲ್ಲಿನ ಮಾತು. ಪಟ್ಟಿಗೆ ಸೇರಲು ಒಂದು ಬಾರಿ ಒತ್ತಿದರೆ ಸಾಕು. ಬಿಡಲು ಲಾಗಿನ್ ಆಗಬೇಕು, ಕಾರಣ ಹೇಳಬೇಕು, ಮತ್ತೊಮ್ಮೆ ಯೋಚಿಸಿ ಎಂಬ ಪುಟ ದಾಟಬೇಕು. ತೆಗೆದುಕೊಳ್ಳುವಾಗ ಹಗುರ, ಹಿಂದಿರುಗಿಸುವಾಗ ಭಾರ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ವಿಳಾಸವನ್ನು ಅವರೇ ಎಲ್ಲರಿಗೂ ಕಾಣುವಂತೆ ಹಾಕಿದ್ದಾರೆ, ಬಾಗಿಲು ತೆರೆದಿದೆ, ಒಳಗೆ ಹೋದರೆ ತಪ್ಪೇನು? ಬೇಡದ ಜಾಹೀರಾತು ಇಮೇಲ್‌ಗೆ ಮೊದಲ ಉದಾಹರಣೆಯೆಂದು ಎಲ್ಲರೂ ಹೇಳುವ ಘಟನೆ ನಡೆದದ್ದೇ ಈ ತರ್ಕದಿಂದ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥುಯೆರ್ಕ್ ಹೊಸ ಕಂಪ್ಯೂಟರಿನ ಪ್ರಚಾರವನ್ನು ಇಂಟರ್ನೆಟ್ಟಿಗೂ ಮುಂಚಿನ ಜಾಲವಾದ ಆರ್ಪಾನೆಟ್‌ನ ಸುಮಾರು 400 ಬಳಕೆದಾರರಿಗೆ ಕಳಿಸಿದಾಗ, ಆ ವಿಳಾಸಗಳು ಅಚ್ಚಾದ ಡೈರೆಕ್ಟರಿಯಲ್ಲೇ ಇದ್ದವು. ಆದರೂ ದೂರುಗಳು ಬಂದವು. ಇದೇ ಪ್ರಶ್ನೆಯನ್ನು ಪೂಜ್ಯಪಾದ ದೇವನಂದಿ ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಶ್ರವಣಬೆಳಗೊಳದ ಶಾಸನಗಳು ಕೊಂಡಾಡುವ ಈ ಆಚಾರ್ಯರು ತತ್ತ್ವಾರ್ಥಸೂತ್ರಕ್ಕೆ ಬರೆದ ವ್ಯಾಖ್ಯಾನ ಸರ್ವಾರ್ಥಸಿದ್ಧಿಯಲ್ಲಿ ಒಂದು ಶಂಕೆ ಬರುತ್ತದೆ: ಭಿಕ್ಷು ಊರಿನ ಬೀದಿ ಬಾಗಿಲುಗಳನ್ನು ಹೊಗುತ್ತಾನಲ್ಲ, ಅವನ್ನು ಅವನಿಗೆ ಯಾರೂ ಕೊಟ್ಟಿಲ್ಲವಲ್ಲ, ಅದು ಕಳ್ಳತನವಾಗದೇ? ಆಗದು, ಬೀದಿ ಎಲ್ಲರಿಗೂ ಬಿಟ್ಟದ್ದು. ಮುಚ್ಚಿದ ಬಾಗಿಲನ್ನಾದರೋ ಭಿಕ್ಷು ದಾಟುವುದಿಲ್ಲ, ಅದು ಬಿಟ್ಟದ್ದಲ್ಲ ಎಂಬುದು ಅವರ ಸಮಾಧಾನ. ಡೈರೆಕ್ಟರಿಯಲ್ಲಿ ವಿಳಾಸ ಹಾಕಿದವರು ಬೀದಿಯನ್ನು ಬಿಟ್ಟುಕೊಟ್ಟಿದ್ದಾರೆ. ಕೆಲಸವಿದ್ದವರು ಬಂದು ಕರೆಯಲಿ ಎಂದು ಬಿಟ್ಟ ಬೀದಿ ಅದು. ಅಲ್ಲಿಂದ ನಡುಮನೆಗೆ ಬಂದು ದಿನವೂ ಗಂಟು ಬಿಚ್ಚಿ ಕೂರಲು ಬೇರೆಯೇ ಅಪ್ಪಣೆ ಬೇಕು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ಕದಿಯಲು ವಸ್ತುವೊಂದು ಇರಬೇಕು. ಇಲ್ಲಿ ಹೋಗುವುದು ಅರೆಗಳಿಗೆಯ ಗಮನ, ಅಳಿಸಿಹಾಕಿದರೆ ಮುಗಿಯಿತು. ಪೂಜ್ಯಪಾದರೇ ಕೊಡುಕೊಳ್ಳುವಿಕೆ ಸಾಧ್ಯವಿರುವಲ್ಲಿ ಮಾತ್ರ ಕಳ್ಳತನದ ಮಾತು ಎನ್ನುತ್ತಾರಾದ್ದರಿಂದ ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಗಮನವನ್ನು ಕೊಡಬಹುದೇ? ನಮ್ಮ ನುಡಿಯ ಮಟ್ಟಿಗೆ ಇದು ಎಂದೋ ತೀರ್ಮಾನವಾಗಿದೆ. ಕನ್ನಡದಲ್ಲಿ ಗಮನ ‘ಕೊಡುತ್ತೇವೆ’, ಕಿವಿಗೊಡುತ್ತೇವೆ, ಮನಗೊಡುತ್ತೇವೆ. ಕೊಡಬಲ್ಲದ್ದಾದರೆ ಅದನ್ನು ಕೊಡದೇ ಇರುವ ಹಕ್ಕೂ ಇದೆ, ಕೊಡದಿದ್ದಾಗ ತೆಗೆದುಕೊಂಡರೆ ಅದು ಅದತ್ತಾದಾನವೇ. ಹಣ ಕದ್ದವನು ಹಣ ಮರಳಿಸಬಹುದು. ತೆಗೆದುಕೊಂಡ ಗಮನವನ್ನು ಮರಳಿಸುವ ದಾರಿಯೇ ಇಲ್ಲ. ಇನ್ನು ಅರೆಗಳಿಗೆ ಅಲ್ಪವೆಂಬ ಮಾತು. ಒಬ್ಬರ ಐದು ಸೆಕೆಂಡು ಅಲ್ಪ, ನಿಜ. ಅದೇ ಪತ್ರ ಒಂದು ಲಕ್ಷ ಮಂದಿಗೆ ಹೋದರೆ ಐದು ಲಕ್ಷ ಸೆಕೆಂಡು, ಎಂದರೆ 138 ಗಂಟೆಗೂ ಮಿಕ್ಕಿದ ಮನುಷ್ಯರ ಎಚ್ಚರ. ಕಳಿಸಿದವರಿಗೆ ಒಂದು ಒತ್ತು.

ಹಾಗಾದರೆ ತಪ್ಪು ಕಳಿಸುವವರದು, ಸಾಧನದ್ದಲ್ಲ. ಚಾಕು ಹಣ್ಣನ್ನೂ ಕೊಯ್ಯುತ್ತದೆ, ಕೈಯನ್ನೂ ಕೊಯ್ಯುತ್ತದೆ ಎನ್ನಬಹುದು. ಈ ವಾದವನ್ನು ನಾನು ಒಪ್ಪಲಾರೆ. ಚಾಕು ತಾನಾಗಿ ಯಾವ ಕಡೆಗೂ ವಾಲಿರುವುದಿಲ್ಲ. ಇಮೇಲ್ ಸಾಫ್ಟ್‌ವೇರ್ ಮೊದಲೇ ಯಾರೋ ಆಯ್ದಿಟ್ಟ ಡಿಫಾಲ್ಟ್‌ಗಳೊಂದಿಗೆ ಕೈಗೆ ಬರುತ್ತದೆ, ಹೆಚ್ಚಿನವರು ಅವನ್ನು ಬದಲಿಸುವುದೂ ಇಲ್ಲ. ವಿಳಾಸ ಬರೆದವರಿಗೆ ಒಂದು ದೃಢೀಕರಣ ಪತ್ರ ಹೋಗಿ, ಅವರು ಅದರಲ್ಲಿನ ಕೊಂಡಿಯನ್ನು ಒತ್ತಿದ ಮೇಲೆಯೇ ಪಟ್ಟಿಗೆ ಸೇರಿಸುವುದು ಡಬಲ್ ಆಪ್ಟ್-ಇನ್. ಬೇರೊಬ್ಬರ ವಿಳಾಸವನ್ನು ಯಾರೋ ತುಂಬಿದ್ದರೆ ಅಲ್ಲಿಗೇ ನಿಲ್ಲುತ್ತದೆ. 2017ರ ಅಕ್ಟೋಬರ್‌ನಲ್ಲಿ ಇಂಥದೇ ಒಂದು ಇಮೇಲ್ ಸಾಧನವಾದ ಮೇಲ್‌ಚಿಂಪ್ ತನ್ನ ಫಾರ್ಮ್‌ಗಳ ಡಿಫಾಲ್ಟನ್ನು ಈ ಡಬಲ್ ಆಪ್ಟ್-ಇನ್‌ನಿಂದ ಒಂದೇ ಹಂತದ ಸೇರ್ಪಡೆಗೆ ಬದಲಿಸಿತು; ಐರೋಪ್ಯ ಒಕ್ಕೂಟದಲ್ಲಿದ್ದ ತನ್ನ ಬಳಕೆದಾರರಿಗೆ ಮಾತ್ರ ಹಳೆಯದನ್ನು ಉಳಿಸಿತು. ಬೇಕಾದವರು ಎಲ್ಲಿದ್ದರೂ ಡಬಲ್ ಇಟ್ಟುಕೊಳ್ಳಬಹುದಿತ್ತು. ಆದರೆ ಯೋಚಿಸದೇ ಬಿಟ್ಟವರ ಗಿರಾಕಿಗಳ ಪಾಡು ಆ ಒಂದು ತೀರ್ಮಾನದಿಂದ ಬದಲಾಯಿತು. ಜೈನರು ಹಿಂಸೆಗೂ ಕಳ್ಳತನಕ್ಕೂ ಮೂಲವಾಗಿ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಹೇಳುವುದು ಇದಕ್ಕೇ ಎಂದು ನನಗೆ ತೋರುತ್ತದೆ. ದುರುದ್ದೇಶ ಇರಲೇಬೇಕೆಂದಿಲ್ಲ, ನೋಡದೇ ಇದ್ದರೆ ಸಾಕು. ಸಾಧನ ಆರಿಸುವುದೆಂದರೆ ತಾನು ಎಚ್ಚರ ತಪ್ಪಿದ ಗಳಿಗೆಯಲ್ಲಿ ತನ್ನ ಪರವಾಗಿ ಏನು ನಡೆಯಬೇಕು ಎಂಬುದನ್ನು ಆರಿಸುವುದು.

ಪತ್ರದೊಳಗೆ ಅಡಗಿ ಕೂರುವ ಚುಕ್ಕೆಯಷ್ಟು ಚಿತ್ರವೂ ಹೀಗೆಯೇ. ಪತ್ರ ತೆರೆದೊಡನೆ ಆ ಪಿಕ್ಸೆಲ್ ಕಳಿಸಿದವರ ಸರ್ವರ್‌ನಿಂದ ಇಳಿಯುತ್ತದೆ, ಯಾರು ಯಾವಾಗ ತೆರೆದರು ಎಂಬುದು ದಾಖಲಾಗುತ್ತದೆ. ಪತ್ರ ಬರಲಿ ಎಂದು ಒಪ್ಪಿದವರು, ಓದುವಾಗ ನನ್ನನ್ನು ಗಮನಿಸಿ ಎಂದು ಒಪ್ಪಿರುವುದಿಲ್ಲ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಇಂಥ ಚಿತ್ರಗಳನ್ನು ತಾನೇ ಮುಂಚಿತವಾಗಿ ಇಳಿಸಿಕೊಳ್ಳುವ ವ್ಯವಸ್ಥೆ ತಂದ ಮೇಲೆ ಎಷ್ಟು ಮಂದಿ ತೆರೆದರು ಎಂದು ಹೇಳುವ ಓಪನ್ ರೇಟ್ ಎಂಬ ಲೆಕ್ಕವನ್ನು ನಂಬುವುದೂ ಕಷ್ಟವಾಗಿದೆ. ಹೀಗೆ ಗಮನಿಸದೆ ವ್ಯಾಪಾರ ನಡೆಯದು ಎನ್ನುವವರು ಬೆಂಗಳೂರಿನ ಕೈಲಾಶ್ ನಾಧ್ ರೂಪಿಸಿದ, ಷೇರು ವಹಿವಾಟಿನ ಕಂಪನಿ ಜೆರೋಧಾ ಬಳಸುವ ಲಿಸ್ಟ್‌ಮಾಂಕ್ ಎಂಬ ಮುಕ್ತ ತಂತ್ರಾಂಶವನ್ನು ನೋಡಬಹುದು. ಅದರಲ್ಲಿ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಹಿಂಬಾಲಿಸದೆ ಒಟ್ಟು ಲೆಕ್ಕವನ್ನಷ್ಟೇ ಇಡಬಹುದು. ಓದುಗರೇ ತಮ್ಮ ಮಾಹಿತಿಯನ್ನು ತೆಗೆದುಕೊಳ್ಳಲು, ಅಳಿಸಲು ಅವಕಾಶ ಕೊಡಬಹುದು. ಅದನ್ನು ಸ್ವಂತ ಸರ್ವರ್‌ನಲ್ಲಿ ನಡೆಸಬೇಕು, ಎಲ್ಲರಿಗೂ ಆಗುವ ಕೆಲಸವಲ್ಲ. ಆದರೆ ಬೇರೆ ರೀತಿಯಲ್ಲೂ ಕಟ್ಟಬಹುದು ಎಂಬುದಕ್ಕೆ ಅದು ಸಾಕ್ಷಿ.

ಕಡೆಯದು ಹೊಟ್ಟೆಪಾಡಿನ ಆಕ್ಷೇಪ. ಇದನ್ನು ಹೇಳುವವರ ಬಗ್ಗೆ ನನಗೆ ಮರುಕವಿದೆ. ದೊಡ್ಡ ಕಂಪನಿಗಳು ಕಾನೂನಿನ ಅಂಚಿನವರೆಗೂ ಹೋಗುವಾಗ ಇಬ್ಬರು ಸೇರಿ ನಡೆಸುವ ಅಂಗಡಿಯೊಂದೇ ಏಕೆ ವ್ರತ ಹಿಡಿಯಬೇಕು? ಕಾನೂನೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಗೆ ಮುಂಚಿನ ಒಪ್ಪಿಗೆ ಬೇಕಿಲ್ಲ. ಬೇಡವೆಂದ ಮೇಲೆ 10 ಕೆಲಸದ ದಿನಗಳಲ್ಲಿ ನಿಲ್ಲಿಸಿದರೆ ಸಾಕು. ಎಂದರೆ ಮೊದಲು ತೆಗೆದುಕೊಳ್ಳಬಹುದು, ಕೇಳಿದರೆ ಬಿಡಬೇಕು. ಕಾನೂನು ಬಿಟ್ಟದ್ದನ್ನೆಲ್ಲ ಧರ್ಮವೂ ಬಿಟ್ಟಿದೆ ಎಂದುಕೊಂಡರೆ ವಾದ ಇಲ್ಲಿಗೇ ಮುಗಿಯುತ್ತದೆ. ಆದರೆ ರಾಜ್ಯದ ಕಟ್ಟಳೆ ಮೀರುವುದು ಆ ಐದು ಅತಿಚಾರಗಳಲ್ಲಿ ಒಂದು ಮಾತ್ರ. ಉಳಿದ ನಾಲ್ಕನ್ನು ರಾಜ ಸುಮ್ಮನಿದ್ದರೂ ಬಿಡಬೇಕು. ಗಾಂಧೀಜಿ 1930ರಲ್ಲಿ ಯೆರವಡಾ ಜೈಲಿನಿಂದ ಆಶ್ರಮಕ್ಕೆ ಬರೆದ ಪತ್ರಗಳಲ್ಲಿ ಅಸ್ತೇಯವನ್ನು, ಎಂದರೆ ಕದಿಯದಿರುವ ವ್ರತವನ್ನು, ಇನ್ನೂ ಹಿಗ್ಗಿಸಿದರು. ತನಗೆ ಅಗತ್ಯವಿಲ್ಲದ್ದನ್ನು ಪಡೆಯುವುದೂ ಕಳ್ಳತನವೇ ಎಂದರು. ಕಾಫಿ ಪುಡಿ ಮಾರುವವರಿಗೆ ಗಿರಾಕಿಯ ಹುಟ್ಟಿದ ದಿನ ಏತಕ್ಕೆ ಎಂದು ಕೇಳಿಕೊಂಡರೆ ಈ ಮಾತು ಇಂದಿಗೂ ಕೆಲಸಕ್ಕೆ ಬರುತ್ತದೆ. ಲಾಭದ ಭಾಷೆಯಲ್ಲೂ ಉತ್ತರವಿದೆ: 2024ರ ಫೆಬ್ರುವರಿಯಿಂದ ಜಿಮೇಲ್, ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರು ಒಂದೇ ಒತ್ತಿನಲ್ಲಿ ಪಟ್ಟಿ ಬಿಡುವ ಸೌಲಭ್ಯ ಇಡಬೇಕು, ಸ್ಪ್ಯಾಮ್ ದೂರುಗಳು ಶೇ 0.3 ಮುಟ್ಟಬಾರದು ಎಂದಿದೆ. ಆದರೂ ವಾದವನ್ನು ಇದರ ಮೇಲೆ ನಿಲ್ಲಿಸಲು ನನಗೆ ಇಷ್ಟವಿಲ್ಲ. ನಾಳೆ ಜಿಮೇಲ್ ಆ ನಿಯಮ ಸಡಿಲಿಸಿದರೆ ಕೊಡದದ್ದು ಕೊಟ್ಟದ್ದಾಗುವುದಿಲ್ಲ.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುತ್ತಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಆಗಬೇಕು ಎನ್ನುತ್ತದೆ ಅದು. ಎರಡು ತೂಕದ ಕಲ್ಲು ಇಡಬೇಡ ಎಂದಂತೆ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದೂ ಹೇಳುತ್ತದೆ. ಇದು ಬರೀ ಕಾಗದದ ನಿಯಮವಲ್ಲ. ಇಂಗ್ಲಿಷ್ ಬಾರದ ಹುನಗುಂದದ ಗಿರಾಕಿಯೊಬ್ಬರು ಸೀರೆಗೆ ಹಣ ಕಟ್ಟುವ ಅವಸರದಲ್ಲಿ ಇಂಗ್ಲಿಷ್ ಸಾಲಿನ ಮುಂದಿನ ಚೌಕಕ್ಕೆ ಟಿಕ್ ಹಾಕಿದರೆ ಅವರು ಏನನ್ನು ಕೊಟ್ಟಂತಾಯಿತು? ತಿಳಿಯದೇ ಕೊಟ್ಟದ್ದು ಕೊಟ್ಟದ್ದಲ್ಲ. ಆದ್ದರಿಂದ ಸಾಧನಕ್ಕೆ ಹಣ ಕಟ್ಟುವ ಮೊದಲು ಅದರ ದೃಢೀಕರಣ ಪತ್ರವನ್ನೂ ಪಟ್ಟಿ ಬಿಡುವ ಪುಟವನ್ನೂ ಪೂರ್ತಿ ಕನ್ನಡದಲ್ಲಿ ಬರೆಯಲು ಆಗುತ್ತದೆಯೇ, ಅಕ್ಷರಗಳು ಒಡೆಯದೆ ಬರುತ್ತವೆಯೇ ಎಂದು ತಮಗೇ ಒಂದು ಕಳಿಸಿಕೊಂಡು ನೋಡಬೇಕು. ಹಳೆಯ ಬಿಲ್ಲುಗಳಿಂದ ಕೂಡಿಸಿದ ವಿಳಾಸಗಳಿದ್ದರೆ ಅವರಿಗೆಲ್ಲ ಕನ್ನಡದಲ್ಲಿ ಒಮ್ಮೆ ಕೇಳಬೇಕು, ಉತ್ತರ ಬಾರದಿದ್ದರೆ ಅದನ್ನು ‘ಹೂಂ’ ಎಂದು ಬರೆದುಕೊಳ್ಳಬಾರದು. ಆ ಹೆಸರುಗಳನ್ನು ಪೂರ್ತಿಯಾಗಿ ಅಳಿಸುವ ಗುಂಡಿ ಆ ಸಾಧನದಲ್ಲಿ ಎಲ್ಲಿದೆ ಎಂದು ಮೊದಲೇ ಹುಡುಕಿಟ್ಟುಕೊಳ್ಳಬೇಕು.